ಕ್ರೀಡಾನಾಯಕ ಹೆರಾಲ್ಡ್ ವ್ಯಾಗ್‌ಸ್ಟಾಫ್

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಯಾರ್ಕ್‌ಷೈರ್ ಪ್ರಾಂತವು ಉಣ್ಣೆಯ ಗಿರಣಿಗಳಿಗೆ ಹೆಸರಾದುದು. ಅಲ್ಲಿಯ ಬೆಟ್ಟಗಳ ನಡುವೆ, ಹೋಮ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ, ಹೋಮ್‌ಫರ್ತ್ ಎಂಬ ಊರಿದೆ. ಈ ಊರಿಗೆ ಸೇರಿದ ಅಂಡರ್‌ಬ್ಯಾಂಕ್ ಎಂಬ ಕೇರಿಯಲ್ಲಿ 1891ನೆಯ ಇಸವಿ ಮೇ 19ರಂದು ಹೆರಾಲ್ಡ್ ವ್ಯಾಗ್‌ಸ್ಟಾಫ್ ಹುಟ್ಟಿದನು. ಆ ಸೀಮೆಯ ಹುಡುಗರ ಬಾಳು ಬಹುಮಟ್ಟಿಗೆ ಒಂದೇ ಬಗೆಯದು. ಹನ್ನೆರಡು ಹದಿಮೂರು ವರ್ಷ ತುಂಬುವುದರೊಳಗೆ ಶಾಲೆಯ ಮೆಟ್ಟಿಲಿಳಿದು ಗಿರಣಿಯನ್ನೋ ಕಲ್ಲುಗಣಿಯನ್ನೋ ಸೇರಬೇಕು. ವಾರಕ್ಕೆ ಐದೂವರೆ ದಿನ ದುಡಿಯಬೇಕು. ಶನಿವಾರ ಮಧ್ಯಾಹ್ನದ ಬಿಡುವಿನಲ್ಲಿ ಚೆಂಡಾಡಬೇಕು. ಆ ಚೆಂಡಾಟವೇ ರಗ್ಬಿ.

ನಮ್ಮ ನಾಡಿನಲ್ಲಿ ರಗ್ಬಿಯನ್ನು ಕಂಡವರು ಕಡಮೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೆರೆಯಾಚೆಗೆ ಓಡಿ ನೆಲಕ್ಕೆ ಮುಟ್ಟಿಸುವುದು ಈ ಆಟದ ಗುರಿ. ಹಾಗೆ ಮುಟ್ಟಿಸುವುದಕ್ಕೆ 'ಟ್ರೈ' ಎಂದು ಹೆಸರು. ಚೆಂಡನ್ನು ಜೊತೆಗಾರನಿಗೆ ಕೊಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಇಲ್ಲವೆ ಹಿಂದಕ್ಕೆ ಮಾತ್ರ ಎಸೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ತಬ್ಬಿ ಕೆಡವುತ್ತಾರೆ. ಕಬಡ್ಡಿಯಲ್ಲಿ ಕಾಲು ಹಿಡಿದೆಳೆಯುವುದನ್ನು ನೋಡಿದವರು, ಓಟದ ಪೂರ್ಣ ವೇಗದಲ್ಲಿ ಅದೇ ನಡೆದರೆ ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು. ಮೂಳೆ ಮುರಿಯುವುದು ಈ ಆಟದಲ್ಲಿ ಅಪರೂಪದ ಸಂಗತಿಯಲ್ಲ.

ಮೂಳೆ ಮುರಿದುಕೊಂಡ ಗಿರಣಿಯ ಕೂಲಿಗಾರನಿಗೆ ಮರುದಿನ ಕೂಲಿಯಿಲ್ಲ. ದೂರದ ಊರಿಗೆ ಪಂದ್ಯಕ್ಕೆ ಹೊರಟರೂ ಶನಿವಾರದ ಅರ್ಧ ದಿನದ ಕೂಲಿ ಹೋಗುತ್ತಿತ್ತು. ನಷ್ಟವಾದ ಈ ಕೂಲಿಯನ್ನಾದರೂ ಆಟಗಾರರಿಗೆ ತುಂಬಿಕೊಡಬೇಕೆಂದು ಉತ್ತರದ ಸಂಘಗಳು ಕೇಳಿಕೊಂಡವು. ಲಂಡನ್ನಿನಿಂದ ಆಟವನ್ನು ಆಳುತ್ತಿದ್ದ ಮಂಡಳಿಯವರು ಒಪ್ಪಲಿಲ್ಲ. ಆಟವನ್ನು ಆಟಕ್ಕಾಗಿ ಮಾತ್ರ ಆಡಬೇಕು, ಹಣ ಮುಟ್ಟಿದರೆ ಅದರ ಘನತೆ ಕೆಡುತ್ತದೆ ಎಂಬುದು ಅವರ ವಾದ. ಹೊಟ್ಟೆಪಾಡಿನ ಚಿಂತೆಯಿಲ್ಲದವರಿಗೆ ಈ ವಾದ ಸುಲಭವಾಗಿತ್ತು. ಕಡೆಗೆ 1895ನೆಯ ಇಸವಿ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳ ಪ್ರತಿನಿಧಿಗಳು ಸಭೆ ಸೇರಿ, ಹಳೆಯ ಮಂಡಳಿಯಿಂದ ಬೇರೆಯಾಗಿ 'ಉತ್ತರ ಒಕ್ಕೂಟ'ವನ್ನು ಕಟ್ಟಿಕೊಂಡರು. ಕೆಲಸ ತಪ್ಪಿಸಿಕೊಂಡ ದಿನಕ್ಕೆ ಆರು ಷಿಲಿಂಗು ಕೊಡುವುದೆಂದು ಗೊತ್ತಾಯಿತು. 1898ರಲ್ಲಿ ಆಟಗಾರನಿಗೆ ಬಹಿರಂಗವಾಗಿ ಸಂಬಳ ಕೊಡಲು ಅವಕಾಶ ದೊರೆಯಿತು. ಆದರೆ ಅವನಿಗೆ ಬೇರೆ ಉದ್ಯೋಗವೂ ಇರಲೇಬೇಕೆಂಬ ಕಟ್ಟಳೆಯಿತ್ತು. 1905ರಲ್ಲಿ ಆ ಕಟ್ಟಳೆಯೂ ಬಿದ್ದುಹೋಯಿತು. ಹಳೆಯ ಮಂಡಳಿಯವರು ಸುಮ್ಮನಿರಲಿಲ್ಲ. ಉತ್ತರ ಒಕ್ಕೂಟದ ಪಂದ್ಯದಲ್ಲಿ ಕಾಲಿಟ್ಟವನು ಯಾವನೇ ಆಗಲಿ, ಅವನಿಗೆ ತಮ್ಮ ಮೈದಾನಗಳಲ್ಲಿ ಜೀವಮಾನಪರ್ಯಂತ ಪ್ರವೇಶವಿಲ್ಲವೆಂದು ಬಹಿಷ್ಕಾರ ಹಾಕಿದರು.

ವ್ಯಾಗ್‌ಸ್ಟಾಫ್ ನಾಲ್ಕು ವರ್ಷದ ಮಗುವಾಗಿದ್ದಾಗ ನಡೆದ ಈ ಒಡಕು ಅವನ ಇಡೀ ಜೀವನದ ದಾರಿಯನ್ನು ಗೊತ್ತುಮಾಡಿತು. ಆತ ಮೊದಲು ಆಡಿದ್ದು ತನ್ನ ಕೇರಿಯ ಅಂಡರ್‌ಬ್ಯಾಂಕ್ ರೇಂಜರ್ಸ್ ತಂಡಕ್ಕೆ. ಹುಡುಗನ ಮೈಕಟ್ಟು ವಯಸ್ಸಿಗೆ ಮೀರಿದುದಾಗಿತ್ತು; ಬುದ್ಧಿಯಂತೂ ಇನ್ನೂ ಮುಂದಿತ್ತು. ಸುಮಾರು ಆರು ಮೈಲಿ ದೂರದ ಹಡರ್ಸ್‌ಫೀಲ್ಡಿನ ದೊಡ್ಡ ಸಂಘದವರು ಬಂದು ನೋಡಿದರು; ಐದು ಚಿನ್ನದ ಸವರನ್ನುಗಳನ್ನು ಕೊಟ್ಟು ಕರಾರಿಗೆ ಸಹಿ ಹಾಕಿಸಿಕೊಂಡರು. 1906ರ ನವೆಂಬರ್ 10ರಂದು ಬ್ರ್ಯಾಮ್ಲಿ ತಂಡದೆದುರು ಅವನು ಮೊದಲ ಬಾರಿಗೆ ವೃತ್ತಿ ಆಟಗಾರನಾಗಿ ಮೈದಾನಕ್ಕಿಳಿದನು. ಆಗ ಅವನ ವಯಸ್ಸು ಹದಿನೈದು ವರ್ಷ 175 ದಿನ. ನಿಮ್ಮಲ್ಲಿ ಹಲವರಿಗಿಂತ ಅವನು ಹೆಚ್ಚು ದೊಡ್ಡವನಾಗಿರಲಿಲ್ಲ. ಎದುರಿಗೆ ನಿಂತವರು ಗಣಿಯಲ್ಲಿಯೂ ಗಿರಣಿಯಲ್ಲಿಯೂ ಮೈ ಹುರಿಗೊಂಡ ಗಂಡಸರು.

ಅದೇ ವರ್ಷ ಉತ್ತರ ಒಕ್ಕೂಟ ಇನ್ನೊಂದು ಬದಲಾವಣೆ ಮಾಡಿತ್ತು. ತಂಡದಲ್ಲಿ ಹದಿನೈದು ಜನರಿದ್ದ ಕಡೆ ಹದಿಮೂರು ಜನ ಸಾಕೆಂದು ತೀರ್ಮಾನಿಸಿತ್ತು. ಇದರಿಂದ ಮೈದಾನ ಹಗುರವಾಯಿತು. ಓಡಲು ಎಡೆ ಸಿಕ್ಕಿತು. ಬಲಕ್ಕಿಂತ ಯುಕ್ತಿಗೆ ಬೆಲೆ ಬಂದಿತು. ವ್ಯಾಗ್‌ಸ್ಟಾಫ್ ಆಡುತ್ತಿದ್ದುದು 'ಸೆಂಟರ್' ಸ್ಥಾನದಲ್ಲಿ. ಎದುರಾಳಿಗಳನ್ನು ತನ್ನತ್ತ ಸೆಳೆದುಕೊಂಡು, ಅವರು ಮೈಮೇಲೆ ಬೀಳುವ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಜೊತೆಗಾರನ ಕೈಗೆ ದಾಟಿಸಿ ಅವನಿಗೆ ದಾರಿ ತೆರೆದುಕೊಡುವುದು ಈ ಸ್ಥಾನದವನ ಕೆಲಸ. ತಾನು ಏಟು ತಿಂದು ಇನ್ನೊಬ್ಬನಿಗೆ ಕೀರ್ತಿ ತಂದುಕೊಡುವ ಈ ಕೆಲಸದಲ್ಲಿ ಅವನಿಗೆ ಸಮಾನರಿರಲಿಲ್ಲವೆಂದು ಅಂದಿನವರು ಒಪ್ಪಿದ್ದರು. 'ಸೆಂಟರುಗಳ ರಾಜಕುಮಾರ' ಎಂಬ ಬಿರುದನ್ನೇ ಕೊಟ್ಟಿದ್ದರು. 1909ರ ಜನವರಿಯಲ್ಲಿ ಆಸ್ಟ್ರೇಲಿಯದ ತಂಡ ಬಂದಾಗ ಅವನು ಇಂಗ್ಲೆಂಡಿನ ಪರವಾಗಿ ಆಡಿದನು. ಆಗ ಅವನಿಗೆ ಹದಿನೇಳು ವರ್ಷ. ಇಪ್ಪತ್ತೊಂದು ತುಂಬುವ ಮೊದಲೇ ಹಡರ್ಸ್‌ಫೀಲ್ಡ್ ತಂಡದ ನಾಯಕತ್ವ ಅವನ ಪಾಲಿಗೆ ಬಂದಿತು.

ಆ ತಂಡವನ್ನು ಜನ 'ಸಕಲ ಪ್ರತಿಭೆಗಳ ತಂಡ'ವೆಂದು ಕರೆಯುತ್ತಿದ್ದರು. ಅದರಲ್ಲಿ ನಾನಾ ಸೀಮೆಯವರಿದ್ದರು. ಅಂಚಿನಲ್ಲಿ ಮಿಂಚಿನಂತೆ ಓಡುತ್ತಿದ್ದ ಆಲ್ಬರ್ಟ್ ರೋಸನ್‌ಫೆಲ್ಡ್ ಆಸ್ಟ್ರೇಲಿಯದ ಸಿಡ್ನಿಯವನು. ತನ್ನ ದೇಶದ ತಂಡದೊಡನೆ ಬಂದವನು ಹಡರ್ಸ್‌ಫೀಲ್ಡಿನ ಹುಡುಗಿಯನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದನು. 1913–14ರ ಒಂದೇ ಋತುವಿನಲ್ಲಿ ಅವನು 80 ಟ್ರೈಗಳನ್ನು ಗಳಿಸಿದನು. ಆ ದಾಖಲೆಯನ್ನು ಇಂದಿನವರೆಗೆ ಯಾರೂ ಮುರಿದಿಲ್ಲ. ಚೆಂಡನ್ನು ಗುರಿಗೆ ಒದೆಯುವುದರಲ್ಲಿ ನಿಪುಣನಾದ ಬೆನ್ ಗ್ರೊನೋ ವೇಲ್ಸಿನವನು, ಕಲ್ಲುಕೆಲಸದವನು. ಡಗ್ಲಾಸ್ ಕ್ಲಾರ್ಕ್ ಕಂಬರ್ಲೆಂಡಿನ ಜಟ್ಟಿ, ಕಲ್ಲಿದ್ದಲಿನ ವ್ಯಾಪಾರ ಮಾಡಿ ಜೀವಿಸುತ್ತಿದ್ದವನು. ಸಂಬಳದ ಆಟಗಾರರೆಂದರೆ ಸುಖಪುರುಷರೆಂದು ಯಾರೂ ತಿಳಿಯಬಾರದು. ಆಟದಿಂದ ಬರುತ್ತಿದ್ದುದು ಕೈಖರ್ಚಿಗೆ ಸೇರುವಷ್ಟು ಹಣ. ಬೆವರು ಸುರಿಸುವ ಕಸುಬು ಬೇರೆಯೇ ಇತ್ತು.

1914ರಲ್ಲಿ ಬ್ರಿಟನ್ನಿನ ತಂಡ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಪ್ರವಾಸ ಹೊರಟಿತು. ಇಪ್ಪತ್ತಮೂರು ವರ್ಷದ ವ್ಯಾಗ್‌ಸ್ಟಾಫ್ ಅದರ ನಾಯಕ. ಮೊದಲ ಟೆಸ್ಟ್ ಪಂದ್ಯ ಜೂನ್ 27ರಂದು ಸಿಡ್ನಿಯಲ್ಲಿ ನಡೆಯಿತು. ಬ್ರಿಟನ್ 23–5ರಿಂದ ಗೆದ್ದಿತು. ಒಂದೇ ದಿನದ ಬಿಡುವಿನ ಮೇಲೆ ಜೂನ್ 29ರಂದು ಎರಡನೆಯದು. ಆಸ್ಟ್ರೇಲಿಯ 12–7ರಿಂದ ಗೆದ್ದಿತು. ಮೂರನೆಯ ಪಂದ್ಯ ಹಲವು ವಾರಗಳ ಅನಂತರ ನಡೆಯಬೇಕಾಗಿತ್ತು. ಆತಿಥೇಯರು ಅದನ್ನು ಜುಲೈ 4ಕ್ಕೆ ಎಳೆದು ತಂದರು. ಎಂಟು ದಿನಗಳಲ್ಲಿ ಮೂರು ಟೆಸ್ಟುಗಳು! ಬ್ರಿಟನ್ನಿನ ಪ್ರಮುಖ ಆಟಗಾರರಲ್ಲಿ ಅನೇಕರು ಗಾಯಗೊಂಡು ಮಲಗಿದ್ದರು. ತಂಡದ ವ್ಯವಸ್ಥಾಪಕರು ಪ್ರತಿಭಟಿಸಿದರು. ಆದರೆ ತವರಿನ ಮಂಡಳಿಯವರಿಂದ ಬಂದ ತಂತಿ, ಆಡಲೇಬೇಕು, ಕರ್ತವ್ಯವನ್ನು ನೆರವೇರಿಸಬೇಕು ಎಂದು ಆಜ್ಞಾಪಿಸಿತು. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಇನ್ನೊಬ್ಬರ ಕರ್ತವ್ಯವನ್ನು ನೆನಪಿಸುವುದು ಕಷ್ಟದ ಕೆಲಸವಲ್ಲ. ಅಂದು ವ್ಯವಸ್ಥಾಪಕ ಜಾನ್ ಕ್ಲಿಫರ್ಡ್ ಆಡುವ ಹದಿಮೂರು ಜನರನ್ನು ಕರೆದು ಕೂರಿಸಿಕೊಂಡು ಮಾತನಾಡಿದನು. ಅದನ್ನು ಕೇಳಿ ತನ್ನ ಮೈ ಜುಮ್ಮೆಂದುದನ್ನು ವ್ಯಾಗ್‌ಸ್ಟಾಫ್ ಬಹುಕಾಲ ಮರೆಯಲಿಲ್ಲ.

ಸಿಡ್ನಿಯ ಕ್ರಿಕೆಟ್ ಮೈದಾನದಲ್ಲಿ 30,000ಕ್ಕೂ ಹೆಚ್ಚು ಜನ ಸೇರಿದ್ದರು. ಆ ಕಾಲದಲ್ಲಿ ಗಾಯಗೊಂಡವನ ಬದಲಿಗೆ ಬೇರೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಆಟ ಆರಂಭವಾಗಿ ಕೆಲವು ನಿಮಿಷಗಳಲ್ಲಿಯೇ ಅಂಚಿನ ಆಟಗಾರ ಫ್ರ್ಯಾಂಕ್ ವಿಲಿಯಮ್ಸ್ ಕಾಲು ಉಳುಕಿಸಿಕೊಂಡನು. ಕುಂಟುತ್ತಲೇ ಆಡಿ, ಮತ್ತೆ ಪೆಟ್ಟು ಬಿದ್ದಾಗ ಹೊರನಡೆದನು. ಕ್ಲಾರ್ಕನ ಹೆಬ್ಬೆರಳು ಮುರಿಯಿತು. ಅವನು ಅದನ್ನು ಬಿಗಿದು ಕಟ್ಟಿಸಿಕೊಂಡು ಮರಳಿದನು. ಆಮೇಲೆ ಹೆಗಲೆಲುಬೇ ಮುರಿಯಿತು. ಅದನ್ನೂ ಕಟ್ಟಿಸಿಕೊಂಡು ಮೈದಾನಕ್ಕೆ ಬರಲು ಯತ್ನಿಸಿ, ಆಗದೆ, ಆ ಬಲಶಾಲಿ ಜಟ್ಟಿ ಕಣ್ಣೀರು ಸುರಿಸುತ್ತ ಹಿಂದಿರುಗಿದನು. ಉತ್ತರಾರ್ಧದಲ್ಲಿ ಬಿಲ್ಲಿ ಹಾಲ್ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದನು. ಹದಿಮೂರು ಜನರ ಎದುರಿಗೆ ಈಗ ಹತ್ತು ಜನ. ಇನ್ನೂ ಅರ್ಧ ಗಂಟೆಯ ಆಟ ಉಳಿದಿತ್ತು.

ನಾಯಕನ ಯೋಗ್ಯತೆ ಪ್ರಕಟವಾದುದು ಇಲ್ಲಿ. ವ್ಯಾಗ್‌ಸ್ಟಾಫ್ ಖಾಲಿ ಬಿದ್ದ ಎಡೆಗಳಿಗೆ ತಾನೇ ಓಡಿದನು; ದಣಿದವರ ಹೆಸರು ಹಿಡಿದು ಕೂಗಿದನು; ಮತ್ತೆ ಮತ್ತೆ ಎದುರಾಳಿಗಳ ಕಾಲಿಗೆ ಬಿದ್ದು ಅವರನ್ನು ಉರುಳಿಸಿದನು. ಆಸ್ಟ್ರೇಲಿಯದವರು ಅಲೆಯ ಮೇಲೆ ಅಲೆಯಾಗಿ ನುಗ್ಗುತ್ತಿದ್ದರು. ಹೀಗಿರುವಾಗ ಯಾರೂ ನಿರೀಕ್ಷಿಸದುದು ನಡೆಯಿತು. ವ್ಯಾಗ್‌ಸ್ಟಾಫ್ ಎದುರಾಳಿಗಳನ್ನು ಸೀಳಿಕೊಂಡು ಹೊರಟು, ಚೆಂಡನ್ನು ಚಿಕ್ ಜಾನ್ಸನ್ ಎಂಬವನಿಗೆ ದಾಟಿಸಿದನು. ಜಾನ್ಸನ್ ಮುಂಚೂಣಿಯಲ್ಲಿ ನೂಕುನುಗ್ಗಲಿನ ಕೆಲಸ ಮಾಡುವವನು. ವಿಲಿಯಮ್ಸ್ ಹೋದ ಮೇಲೆ ಅಂಚನ್ನು ಕಾಯಲು ನಿಂತಿದ್ದವನು. ಅವನು ಚೆಂಡನ್ನು ನೆಲಕ್ಕೆ ಹಾಕಿ, ಕಾಲ್ಚೆಂಡಿನ ಆಟಗಾರನಂತೆ ಕಾಲಿನಿಂದಲೇ ತಳ್ಳುತ್ತ ಮೈದಾನದುದ್ದಕ್ಕೂ ಓಡಿ, ಗೆರೆ ದಾಟಿಸಿ ಅದರ ಮೇಲೆ ಬಿದ್ದನು. ಮೊಟ್ಟೆಯಾಕಾರದ ಚೆಂಡು ಎತ್ತ ಪುಟಿಯುವುದೆಂದು ಬಲ್ಲವರಿಲ್ಲ. ಅಂದು ಅದು ಜಾನ್ಸನನ ಮಾತು ಕೇಳಿತು. ಕೊನೆಯ ಭಾಗದಲ್ಲಿ ಆಸ್ಟ್ರೇಲಿಯದವರು ಎರಡು ಟ್ರೈಗಳನ್ನು ಗಳಿಸಿದರು. ಅಷ್ಟೇ. ಎರಡು ಟ್ರೈ, ಆಲ್ಫ್ ವುಡ್ ಒದ್ದ ನಾಲ್ಕು ಗೋಲುಗಳ ಬಲದಿಂದ ಬ್ರಿಟನ್ 14–6ರಿಂದ ಗೆದ್ದಿತು.

ವೃತ್ತಪತ್ರಿಕೆಗಳು ಈ ಪಂದ್ಯಕ್ಕೆ 'ರೋರ್ಕ್ಸ್ ಡ್ರಿಫ್ಟ್' ಎಂದು ಹೆಸರಿಟ್ಟವು. 1879ರಲ್ಲಿ ದಕ್ಷಿಣ ಆಫ್ರಿಕದ ಆ ಸ್ಥಳದಲ್ಲಿ ಸುಮಾರು 150 ಮಂದಿ ಬ್ರಿಟಿಷ್ ಸೈನಿಕರು ಸಾವಿರಾರು ಜುಲು ಯೋಧರನ್ನು ತಡೆದು ನಿಲ್ಲಿಸಿದ್ದರು. ಹೆಸರು ಇಂದಿಗೂ ಉಳಿದಿದೆ. ಆದರೆ ಜುಲು ಜನರು ಆ ಯುದ್ಧವನ್ನು ಬಯಸಿದವರಲ್ಲ. ಬ್ರಿಟಿಷರು ಅವರ ನಾಡಿನ ಮೇಲೆ ದಂಡೆತ್ತಿ ಹೋಗಿದ್ದರು. ಸಂಜೆ ಕೈಕುಲುಕಿ ಬೀಳ್ಕೊಳ್ಳುವ ಆಟಕ್ಕೆ ಆ ಹೋಲಿಕೆ ಹೊಂದುವುದಿಲ್ಲ.

ನಿಜವಾದ ಯುದ್ಧವೂ ದೂರವಿರಲಿಲ್ಲ. ಸಿಡ್ನಿಯ ಪಂದ್ಯ ನಡೆದು ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 4ರಂದು, ಬ್ರಿಟನ್ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಮರಳಿದ ಆಟಗಾರರು ಇನ್ನೊಂದು ಋತು ಆಡಿದರು. 1914–15ರಲ್ಲಿ ವ್ಯಾಗ್‌ಸ್ಟಾಫನ ಹಡರ್ಸ್‌ಫೀಲ್ಡ್ ತಂಡ ಆ ಋತುವಿನ ನಾಲ್ಕೂ ಪಾರಿತೋಷಕಗಳನ್ನು ಗೆದ್ದುಕೊಂಡಿತು. ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೇಂಟ್ ಹೆಲೆನ್ಸ್ ತಂಡದ ಮೇಲೆ 37–3ರ ಜಯ ದೊರೆಯಿತು. ಬಳಿಕ ಮೈದಾನಗಳು ಬರಿದಾದವು. ಆಸ್ಟ್ರೇಲಿಯಕ್ಕೆ ಹೋಗಿದ್ದವರಲ್ಲಿ ಫ್ರೆಡ್ ಲಾಂಗ್‌ಸ್ಟಾಫ್, ಬಿಲ್ಲಿ ಜಾರ್ಮನ್, ವಾಲ್ಟರ್ ರೋಮನ್ ಈ ಮೂವರು 1916ರಲ್ಲಿ ಯುದ್ಧಕ್ಕೆ ಬಲಿಯಾದರು. ಲಾಂಗ್‌ಸ್ಟಾಫ್ ಹಡರ್ಸ್‌ಫೀಲ್ಡಿನಲ್ಲಿಯೂ ವ್ಯಾಗ್‌ಸ್ಟಾಫನ ಜೊತೆಗಾರನಾಗಿದ್ದವನು.

ವ್ಯಾಗ್‌ಸ್ಟಾಫ್ ಸೈನ್ಯದ ಮೋಟಾರು ಸಾಗಾಣಿಕೆಯ ದಳವನ್ನು ಸೇರಿ ಲಂಡನ್ನಿನ ಬಳಿಯ ಗ್ರೋವ್ ಪಾರ್ಕ್ ಶಿಬಿರದಲ್ಲಿದ್ದನು. ಕ್ಲಾರ್ಕ್, ಗ್ರೊನೋ, ರೋಸನ್‌ಫೆಲ್ಡರೂ ಅಲ್ಲಿಗೇ ಬಂದರು. ಇಲ್ಲೊಂದು ವಿಚಿತ್ರ ನಡೆಯಿತು. ಕೂಲಿಯವರೆಂದು ಹೊರಗಿಟ್ಟಿದ್ದ ಹಳೆಯ ಮಂಡಳಿಯು, ಯುದ್ಧಕಾಲದಲ್ಲಿ ಸೈನಿಕರಾದವರ ಮಟ್ಟಿಗೆ ಬಹಿಷ್ಕಾರವನ್ನು ಸಡಿಲಿಸಿತ್ತು. ಹಡರ್ಸ್‌ಫೀಲ್ಡಿನ ವೃತ್ತಿ ಆಟಗಾರರು ಹದಿನೈದು ಜನರ ಹಳೆಯ ಆಟವನ್ನು, ಅದರ ಪರಿಣತರೊಡನೆಯೇ ಆಡಿದರು; 26 ಪಂದ್ಯಗಳಲ್ಲಿ ಒಂದನ್ನು ಮಾತ್ರ ಸೋತರು. ಯುದ್ಧ ಮುಗಿದ ಕೂಡಲೆ ಬಾಗಿಲು ಮತ್ತೆ ಮುಚ್ಚಿತು. ಒಂದೇ ಸಮವಸ್ತ್ರ ತೊಟ್ಟು ಒಂದೇ ಕಂದಕದಲ್ಲಿ ಸಾಯಲು ಅರ್ಹರಾದವರು ಒಂದೇ ಮೈದಾನದಲ್ಲಿ ಆಡಲು ಅರ್ಹರಾಗಿರಲಿಲ್ಲ. ಹಳೆಯ ಮಂಡಳಿಯವರ ಆಟದಲ್ಲಿಯೂ ಸಂಬಳ ಕೊಡಬಹುದೆಂದು ಒಪ್ಪಿಗೆಯಾದುದು 1995ರಲ್ಲಿ, ಜಾರ್ಜ್ ಹೋಟೆಲಿನ ಸಭೆ ನಡೆದು ನೂರು ವರ್ಷ ತುಂಬಿದಾಗ.

ಕ್ಲಾರ್ಕ್ 1917ರಲ್ಲಿ ರಣಭೂಮಿಯ ವಿಷವಾಯುವಿಗೆ ತುತ್ತಾಗಿ, ಶೌರ್ಯಕ್ಕಾಗಿ ಪದಕವನ್ನೂ ಪಡೆದು ಮರಳಿದ್ದನು. ಇನ್ನು ಇವನು ಆಡಲಾರನೆಂದು ಬಲ್ಲವರು ಹೇಳಿದ್ದರು. ಆದರೂ 1920ರಲ್ಲಿ ವ್ಯಾಗ್‌ಸ್ಟಾಫನ ನಾಯಕತ್ವದಲ್ಲಿ ಆಸ್ಟ್ರೇಲಿಯಕ್ಕೆ ಎರಡನೆಯ ಬಾರಿ ಹಡಗು ಹತ್ತಿದವರಲ್ಲಿ ಅವನೂ ಇದ್ದನು. ಆ ಪ್ರಯಾಣಕ್ಕಾಗಿ ಹಡರ್ಸ್‌ಫೀಲ್ಡ್ ದೊಡ್ಡ ಬೆಲೆ ತೆತ್ತಿತು. ಮತ್ತೊಮ್ಮೆ ನಾಲ್ಕೂ ಪಾರಿತೋಷಕಗಳು ಕೈಗೆ ಸಿಗುವಂತಿದ್ದಾಗ, ನಾಯಕನೂ ಪ್ರಮುಖ ಆಟಗಾರರೂ ಸಮುದ್ರದ ಮೇಲಿದ್ದುದರಿಂದ, ಕೊನೆಯ ಪಂದ್ಯವನ್ನು ತಂಡ ಹಲ್ ತಂಡಕ್ಕೆ 3–2ರಿಂದ ಸೋತಿತು. ಒಂದೇ ಒಂದು ಅಂಕ! ಆಸ್ಟ್ರೇಲಿಯದಲ್ಲಿಯೂ ಈ ಸಲ ಸರಣಿ ಕೈತಪ್ಪಿತು. 1921–22ರಲ್ಲಿ ಆಸ್ಟ್ರೇಲಿಯದವರು ಇಂಗ್ಲೆಂಡಿಗೆ ಬಂದಾಗ ವ್ಯಾಗ್‌ಸ್ಟಾಫ್ ಅದನ್ನು ಮರಳಿ ಗೆದ್ದುಕೊಂಡನು.

1925ರಲ್ಲಿ ಅವನು ಆಟದಿಂದ ನಿವೃತ್ತನಾದನು. ಹತ್ತೊಂಬತ್ತು ಋತುಗಳಲ್ಲಿ ಹಡರ್ಸ್‌ಫೀಲ್ಡ್ ಒಂದಕ್ಕೇ 436 ಪಂದ್ಯಗಳನ್ನು ಆಡಿದ್ದನು. ಕೈಯಲ್ಲಿ ಉಳಿದ ಐಶ್ವರ್ಯವೇನೂ ಇರಲಿಲ್ಲ. ಅಂದಿನ ಅನೇಕ ಆಟಗಾರರಂತೆ ಅವನೂ ಪಾನಗೃಹವೊಂದನ್ನು ನಡೆಸಿ ಜೀವನ ಸಾಗಿಸಿದನು. ತನ್ನ ನೆನಪುಗಳನ್ನು ವೃತ್ತಪತ್ರಿಕೆಯೊಂದಕ್ಕೆ ಬರೆದುಕೊಟ್ಟನು. 1939ರ ಜುಲೈ 19ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡನು. ಹುಟ್ಟಿದ ಹೋಮ್‌ಫರ್ತಿನ ನೆಲದಲ್ಲಿಯೇ ಅವನನ್ನು ಸಮಾಧಿ ಮಾಡಿದರು. 1988ರಲ್ಲಿ ಹದಿಮೂರು ಜನರ ರಗ್ಬಿಗಾಗಿ ಬ್ರಿಟನ್ನಿನಲ್ಲಿ ಕೀರ್ತಿಶಾಲೆಯೊಂದನ್ನು ಸ್ಥಾಪಿಸಿದಾಗ, ಮೊದಲು ಆರಿಸಿದ ಕೆಲವೇ ಹೆಸರುಗಳಲ್ಲಿ ಅವನದೂ, ರೋಸನ್‌ಫೆಲ್ಡನದೂ ಸೇರಿದ್ದವು. ಅಂಡರ್‌ಬ್ಯಾಂಕ್ ರೇಂಜರ್ಸ್ ತಂಡ ಈಗಲೂ ಇದೆ. ಆ ಕೇರಿಯ ಹುಡುಗರು ಅದರಲ್ಲಿ ಆಡುತ್ತಿದ್ದಾರೆ.