ಸೇಲಂ ಪಟ್ಟಣದ ನೆಥಾನಿಯಲ್ ಬೌಡಿಚ್

ಮಕ್ಕಳೇ, ಬಾಸ್ಟನ್ನಿನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ತಲುಪಬಹುದಾದ ಸೇಲಂ ಪಟ್ಟಣವನ್ನು ನಿಮ್ಮಲ್ಲಿ ಬಹುಮಂದಿ ನೋಡಿರುವಿರಿ. ಆದರೆ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಚೂಪು ಟೋಪಿಗಳನ್ನು ಧರಿಸಿ, ಮಾಟಗಾತಿಯರ ವೇಷದ ಜನಜಂಗುಳಿಯಲ್ಲಿ ತಿರುಗಾಡಿ ಬಂದುದನ್ನೇ ಆ ಊರಿನ ದರ್ಶನವೆಂದು ನೀವು ತಿಳಿದಿರುವ ಹಾಗೆ ಕಾಣುತ್ತದೆ. 1692ರಲ್ಲಿ 19 ಮಂದಿ ನಿರಪರಾಧಿಗಳನ್ನು ಮಾಟದ ಅಪವಾದ ಹೊರಿಸಿ ಗಲ್ಲಿಗೇರಿಸಿದ ಪ್ರಸಂಗವು ಉತ್ಸವ ಮಾಡತಕ್ಕದ್ದೆಂದು ನನಗೆಂದೂ ತೋರಿಲ್ಲ. ಆ ಊರಿಗೆ ಬೇರೊಂದು ಹಿರಿಮೆಯುಂಟು, ಅದನ್ನು ಹೇಳಬೇಕೆಂದೇ ಈ ಲೇಖನ.

ನಮ್ಮ ಸಂಚಿಕೆಯಲ್ಲಿ ಕಿತ್ತೂರು ಚೆನ್ನಮ್ಮನನ್ನೋ ವಿಶ್ವೇಶ್ವರಯ್ಯನವರನ್ನೋ ಪರಿಚಯಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಕನ್ನಡವೆಂಬುದು ಅಜ್ಜಿಯೊಡನೆ ದೂರವಾಣಿಯಲ್ಲಿ ಆಡುವುದಕ್ಕೂ ಹಬ್ಬದಡುಗೆಯ ಹೆಸರುಗಳನ್ನು ಹೇಳುವುದಕ್ಕೂ ಸಾಕಾದ ಭಾಷೆ, ಗಣಿತ ವಿಜ್ಞಾನಗಳಿಗೆ ಇಂಗ್ಲಿಷೇ ಆಗಬೇಕು ಎಂಬ ಭಾವನೆ ನಿಮ್ಮಲ್ಲಿ ದಿನೇ ದಿನೇ ಬೇರೂರುತ್ತಿರುವುದನ್ನು ಕಂಡು, ನೀವು ವಾಸಿಸುವ ಈ ನೆಲದ ಒಬ್ಬ ಗಣಿತಜ್ಞನ ಕಥೆಯನ್ನೇ ಕನ್ನಡದಲ್ಲಿ ಹೇಳಿ ನೋಡೋಣವೆಂಬ ಹಂಬಲ ಹುಟ್ಟಿತು.

ನೆಥಾನಿಯಲ್ ಬೌಡಿಚ್ ಆ ಸೇಲಮ್ಮಿನಲ್ಲಿಯೇ ಹುಟ್ಟಿದುದು 1773ರಲ್ಲಿ. ತಂದೆ ಹಿಂದೆ ಹಡಗು ನಡೆಸುತ್ತಿದ್ದವನು. ಆ ಬಳಿಕ ಮರದ ಪೀಪಾಯಿಗಳನ್ನು ಕಟ್ಟಿ ಹೊಟ್ಟೆ ಹೊರೆಯುತ್ತಿದ್ದನು. ಬಡತನ ಮನೆಯನ್ನು ಬಿಟ್ಟಿರಲಿಲ್ಲ. ಹುಡುಗನಿಗೆ ಹತ್ತು ವರ್ಷವಾಗುವಷ್ಟರಲ್ಲಿ ಶಾಲೆ ನಿಂತಿತು. ಹನ್ನೆರಡನೆಯ ವಯಸ್ಸಿನಲ್ಲಿ, ಹಡಗುಗಳಿಗೆ ಬೇಕಾದ ಹಗ್ಗ, ಹಾಯಿಬಟ್ಟೆ, ಡಾಂಬರು ಮೊದಲಾದುವನ್ನು ಮಾರುವ ಅಂಗಡಿಯೊಂದರಲ್ಲಿ 9 ವರ್ಷಗಳ ಕರಾರಿನ ಮೇಲೆ ಲೆಕ್ಕ ಬರೆಯುವ ಕೆಲಸಕ್ಕೆ ಅವನನ್ನು ಒಪ್ಪಿಸಲಾಯಿತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನ ಕೈ ಸ್ಲೇಟಿನ ಮೇಲೆ ಓಡುತ್ತಿದ್ದಿತು. ಒಂದು ದಿನ, ನಾವಿಕವಿದ್ಯೆಯ ಸಂಜೆಶಾಲೆಗೆ ಹೋಗುತ್ತಿದ್ದ ಸಹೋದರನು ಮನೆಗೆ ಬಂದು, ಅಂಕಿಗಳಿಗೆ ಬದಲಾಗಿ ಅಕ್ಷರಗಳನ್ನಿಟ್ಟು ಲೆಕ್ಕ ಮಾಡುವ ವಿಚಿತ್ರವಾದೊಂದು ಕ್ರಮವುಂಟೆಂದು ಹೇಳಿದನಂತೆ. ಹದಿನಾಲ್ಕರ ನೆಥಾನಿಯಲ್ ಆ ಪುಸ್ತಕವನ್ನು ಕಾಡಿ ತರಿಸಿಕೊಂಡು, ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೀಜಗಣಿತ ಅವನ ಕೈಸೇರಿದುದು ಹೀಗೆ.

ಮುಂದಿನದು ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1781ರಲ್ಲಿ, ಈ ತೀರದ ಹಡಗೊಂದು ಶತ್ರುಪಕ್ಷದ ಹಡಗನ್ನು ಸೆರೆಹಿಡಿದಾಗ, ಐರ್ಲೆಂಡಿನ ರಸಾಯನಶಾಸ್ತ್ರಜ್ಞ ರಿಚರ್ಡ್ ಕಿರ್ವಾನನ ಗ್ರಂಥಭಂಡಾರವು ಸರಕಿನ ಜೊತೆಯಲ್ಲಿ ಸಿಕ್ಕಿತು. ಸೇಲಮ್ಮಿನ ವಿದ್ಯಾಪ್ರಿಯರು ಅದನ್ನು ಕೊಂಡು ಒಂದು ಪುಸ್ತಕಶಾಲೆ ಸ್ಥಾಪಿಸಿದರು. ಆಮೇಲೆ ಬೆಲೆ ಕೊಡುತ್ತೇವೆಂದರೆ, ಸದುಪಯೋಗವಾಗುತ್ತಿದ್ದರೆ ಸಾಕೆಂದು ಕಿರ್ವಾನನು ಬೇಡವೆಂದನಂತೆ. ಅಂಗಡಿಯ ಗುಮಾಸ್ತ ಹುಡುಗನಿಗೆ ಊರಿನ ಹಿರಿಯರು ಅದರ ಬಾಗಿಲು ತೆರೆದರು. ಮರಳಿ ಕೊಡಬೇಕಾದ ಪುಸ್ತಕಗಳಾದ್ದರಿಂದ, ಲಂಡನ್ನಿನ ರಾಯಲ್ ಸೊಸೈಟಿಯ ಪ್ರಕಟಣೆಗಳೊಳಗಿನ ಗಣಿತ ಲೇಖನಗಳನ್ನು ಅವನು ತನ್ನ ಕೈಯಿಂದಲೇ ನಕಲು ಮಾಡಿಟ್ಟುಕೊಂಡನು. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಲ್ಯಾಟಿನ್ ಭಾಷೆಯಲ್ಲಿದ್ದಿತು. ಆದಕಾರಣ ಲ್ಯಾಟಿನ್ ಕಲಿತನು. ಒಳ್ಳೆಯ ಗಣಿತವು ಫ್ರೆಂಚಿನಲ್ಲಿದ್ದಿತು, ಫ್ರೆಂಚ್ ಕಲಿತನು. (ಭಾನುವಾರದ ಕನ್ನಡ ತರಗತಿಗೆ ಬರಲು ಹೊಟ್ಟೆನೋವೆನ್ನುವ ಕೆಲವರು ಈ ವಾಕ್ಯಗಳನ್ನು ಎರಡು ಸಲ ಓದಬಹುದು.)

ಕರಾರು ಮುಗಿಸಿ 1795ರಲ್ಲಿ, ‘ಹೆನ್ರಿ’ ಎಂಬ ಹಡಗಿನಲ್ಲಿ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ ಹೊರಟಾಗ, ಕಾಗದದ ಮೇಲೆ ಕಂಡಿದ್ದ ಸಮುದ್ರವು ಅವನಿಗೆ ನಿಜವಾಗಿ ಎದುರಾಯಿತು.

ನಡುಗಡಲಿನಲ್ಲಿ ಹಡಗೆಲ್ಲಿದೆಯೆಂದು ತಿಳಿಯುವುದು ಹೇಗೆ? ಅಕ್ಷಾಂಶವನ್ನು ಮಧ್ಯಾಹ್ನದ ಸೂರ್ಯನ ಎತ್ತರದಿಂದ ತಿಳಿಯಬಹುದು. ರೇಖಾಂಶ ಅಷ್ಟು ಸುಲಭವಲ್ಲ. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ನಮ್ಮಲ್ಲಿ ನಡುಹಗಲಾಗಿರುವಾಗ ಗ್ರೀನಿಚ್ಚಿನಲ್ಲಿ ಸಂಜೆ 4 ಗಂಟೆಯಾಗಿದ್ದರೆ, ನಾವು ಅಲ್ಲಿಂದ 60 ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಆದರೆ ಗ್ರೀನಿಚ್ಚಿನ ವೇಳೆಯನ್ನು ತಪ್ಪದೆ ತೋರಿಸುವ ಗಡಿಯಾರ ಆಗ ಬಹಳ ದುಬಾರಿ; ಸೇಲಮ್ಮಿನ ವರ್ತಕರ ಕೈಗೆ ಸುಲಭವಾಗಿ ಎಟುಕುವುದಲ್ಲ. ಆಗ ಒದಗುವವನು ಚಂದ್ರ. ಆಕಾಶವೇ ಗಡಿಯಾರದ ಮುಖ, ನಕ್ಷತ್ರಗಳೇ ಅಂಕಿಗಳು, ಚಂದ್ರನೇ ಮುಳ್ಳು. ಗಂಟೆಗೆ ಹೆಚ್ಚುಕಡಿಮೆ ತನ್ನ ಬಿಂಬದಷ್ಟೇ ಅಗಲವನ್ನು ಆತ ಪೂರ್ವಕ್ಕೆ ಸರಿಯುತ್ತಾನೆ. ತೂಗಾಡುವ ಹಡಗಿನ ಮೇಲೆ ನಿಂತು, ಸೆಕ್ಸ್ಟೆಂಟ್ ಯಂತ್ರದಿಂದ ಚಂದ್ರನಿಗೂ ಒಂದು ನಕ್ಷತ್ರಕ್ಕೂ ನಡುವಣ ಕೋನವನ್ನು ಅಳೆಯಬೇಕು. ವಾತಾವರಣವು ಬೆಳಕನ್ನು ಬಾಗಿಸುವುದರಿಂದ ಒಂದು ತಿದ್ದುಪಡಿ. ನಾವು ಭೂಮಿಯ ಕೇಂದ್ರದಲ್ಲಿರದೆ ಮೇಲ್ಮೈಯಲ್ಲಿರುವುದರಿಂದ ಇನ್ನೊಂದು. ಇವೆರಡನ್ನೂ ಕಳೆದು ಕೂಡಿಸಿದ ಮೇಲೆ, ಅದೇ ಕೋನವು ಗ್ರೀನಿಚ್ಚಿನ ಲೆಕ್ಕದಲ್ಲಿ ಎಷ್ಟು ಗಂಟೆಗೆ ಬರುವುದೆಂಬುದನ್ನು, 1767ರಿಂದ ಅಚ್ಚಾಗುತ್ತಿದ್ದ ನಾವಿಕ ಪಂಚಾಂಗದಲ್ಲಿ ಹುಡುಕಬೇಕು. ಕೋನದಲ್ಲಿ ಡಿಗ್ರಿಯ 60ನೆಯ ಒಂದು ಪಾಲು ತಪ್ಪಿದರೆ, ರೇಖಾಂಶದಲ್ಲಿ ಅರ್ಧ ಡಿಗ್ರಿ, ಎಂದರೆ ಸಮಭಾಜಕದ ಬಳಿ 30 ನಾವಿಕ ಮೈಲಿ ತಪ್ಪುವುದು! ಲೆಕ್ಕಕ್ಕೆ ಹಲವು ದಾರಿಗಳಿದ್ದುವು, ಎಲ್ಲವೂ ತೊಡಕಿನವು. ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂಬ ಗೊಂದಲಕ್ಕೆ ಎಡೆಗೊಡದ ಸುಗಮವಾದ ಕ್ರಮವೊಂದನ್ನು ಬೌಡಿಚ್ ರೂಪಿಸಿದನು.

ಇದನ್ನೆಲ್ಲ ಬರೆಯುವಾಗ ನನಗೆ ನಮ್ಮ ತಾತನ ನೆನಪು ಬರುತ್ತದೆ. ಯುಗಾದಿಯಂದು ಹೊಸ ಪಂಚಾಂಗಕ್ಕೆ ಅರಿಸಿನ ಕುಂಕುಮ ಹಚ್ಚಿ, ಈ ದಿನ ರೇವತಿ ಇಷ್ಟು ಘಳಿಗೆಯವರೆಗೆ, ಆಮೇಲೆ ಅಶ್ವಿನಿ ಎಂದು ಅವರು ಬೆರಳಿಟ್ಟು ಓದುತ್ತಿದ್ದಾಗ, ಚಂದ್ರನು ಒಂದು ನಕ್ಷತ್ರದ ಮನೆಯನ್ನು, ಅಂದರೆ 13 ಡಿಗ್ರಿ 20 ನಿಮಿಷದ ಹಾದಿಯನ್ನು, ದಾಟಿ ಮುಂದಿನದನ್ನು ಪ್ರವೇಶಿಸುವ ವೇಳೆಯನ್ನೇ ಅವರು ಓದುತ್ತಿರುವರೆಂಬುದು ನನಗೆ ಹೊಳೆದಿರಲಿಲ್ಲ. ಬೌಡಿಚ್ಚನ ಪುಟಗಳನ್ನು ಅವರ ಮುಂದಿಟ್ಟಿದ್ದರೆ ಅವರಿಗೆ ಲಿಪಿಯೊಂದೇ ಹೊಸದಾಗಿ ಕಾಣುತ್ತಿದ್ದಿತು.

ಅಂದಿನ ನಾವಿಕರು ನೆಚ್ಚಿದ್ದುದು ಇಂಗ್ಲೆಂಡಿನ ಜಾನ್ ಹ್ಯಾಮಿಲ್ಟನ್ ಮೂರನ ಕೈಪಿಡಿಯನ್ನು. ಅದರ ಕೋಷ್ಟಕಗಳನ್ನು ಬೌಡಿಚ್ ಒಂದೊಂದಾಗಿ ಮತ್ತೆ ಗುಣಿಸಿ ಭಾಗಿಸಿ ಪರಿಶೀಲಿಸಿದಾಗ, ಸುಮಾರು 8000 ತಪ್ಪುಗಳು ಹೊರಬಿದ್ದುವೆಂದು ಹೇಳುತ್ತಾರೆ. ಅವುಗಳಲ್ಲಿ ಒಂದನ್ನು ನೀವು ಗಮನಿಸಬೇಕು: ಮಧ್ಯಾಹ್ನದ ಎತ್ತರದಿಂದ ಅಕ್ಷಾಂಶವನ್ನು ತೆಗೆಯಲು ಬೇಕಾದ ಸೂರ್ಯನ ಕ್ರಾಂತಿಯ, ಎಂದರೆ ಆಕಾಶದ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಅವನಿರುವ ದೂರದ, ಪಟ್ಟಿಯಲ್ಲಿ 1800ನ್ನು ಅಧಿಕವರ್ಷವೆಂದು ಗಣಿಸಲಾಗಿದ್ದಿತು. ನಾಲ್ಕರಿಂದ ಭಾಗವಾದರೂ, ನಾನೂರರಿಂದ ಭಾಗವಾಗದ ಶತಮಾನದ ವರ್ಷವು ಅಧಿಕವರ್ಷವಲ್ಲ. ಇಲ್ಲದ ಒಂದು ದಿನವನ್ನು ಸೇರಿಸಿದರೆ, ಮಾರ್ಚ್ ತಿಂಗಳ ವಿಷುವದ ಸುಮಾರಿನಲ್ಲಿ ಅಕ್ಷಾಂಶವು 24 ನಾವಿಕ ಮೈಲಿಯಷ್ಟು ತಪ್ಪುತ್ತದೆ. ಮಂಜು ಕವಿದ ರಾತ್ರಿಯಲ್ಲಿ, ಬಂಡೆಗಳಿರುವ ತೀರದ ಬಳಿ, ಅಷ್ಟು ತಪ್ಪು ಸಾಕು. ಕೊನೆಗೆ ಆ ಕೈಪಿಡಿಯನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಲೇಸೆನಿಸಿ, 1802ರಲ್ಲಿ ಅವನ ‘ನ್ಯೂ ಅಮೆರಿಕನ್ ಪ್ರಾಕ್ಟಿಕಲ್ ನ್ಯಾವಿಗೇಟರ್’ ಹೊರಬಂದಿತು. ಅಮೆರಿಕ ಸರಕಾರವು ಅದನ್ನು ಪರಿಷ್ಕರಿಸುತ್ತ ಇಂದಿಗೂ ಪ್ರಕಟಿಸುತ್ತಿದೆ. ನಾವಿಕರು ಅದನ್ನು ಕರೆಯುವುದು ‘ಬೌಡಿಚ್’ ಎಂದೇ.

ಆದರೂ ನನಗೆ ಬಹಳ ಮೆಚ್ಚಿಗೆಯಾದುದು ಪುಸ್ತಕವಲ್ಲ. ಹಡಗಿನ ಸಾಮಾನ್ಯ ನಾವಿಕರಿಗೂ ಅವನು ಈ ಲೆಕ್ಕವನ್ನು ಕಲಿಸಿದನು. ಅವರಿಗೆ ತಿಳಿಸಲಾರದುದನ್ನು ಪುಸ್ತಕದಲ್ಲಿ ಬರೆಯಲಾರೆನೆಂಬುದು ಅವನ ಪಟ್ಟು. ಆ ಕಲಿಕೆ ಆ ಊರಿನಲ್ಲಿ ಎಷ್ಟು ದೂರ ಹರಡಿತೆಂದರೆ, 1817ರಲ್ಲಿ ‘ಕ್ಲಿಯೋಪಾಟ್ರಾಸ್ ಬಾರ್ಜ್’ ಎಂಬ ಸೇಲಮ್ಮಿನ ಹಡಗು ಜಿನೋವಾದಲ್ಲಿ ಲಂಗರು ಹಾಕಿದ್ದಾಗ, ಅದನ್ನು ನೋಡಲು ಬಂದ ಖಗೋಳಜ್ಞ ಫಾನ್ ಝಾಕ್ ಎಂಬವನಿಗೆ, ನಮ್ಮ ಅಡುಗೆಯವನೂ ರೇಖಾಂಶವನ್ನು ಲೆಕ್ಕ ಹಾಕಬಲ್ಲನೆಂದು ತಿಳಿಸಿದರಂತೆ. ಕರಿಯ ಜನಾಂಗದ ಆ ಅಡುಗೆಯವನು ಒಂದು ಕೈಯಲ್ಲಿ ಕೋಳಿಯನ್ನೂ ಇನ್ನೊಂದರಲ್ಲಿ ಚೂರಿಯನ್ನೂ ಹಿಡಿದೇ ಬಂದು, ಯಾವ ಕ್ರಮದಿಂದ ಮಾಡುತ್ತೀಯೆ ಎಂದು ಕೇಳಿದಾಗ, ಮಾಸ್ಕಲಿನ್, ಬೌಡಿಚ್ ಮೊದಲಾದವರ ಕ್ರಮಗಳೆಲ್ಲ ಬರುತ್ತವೆ, ತನಗೆ ಮಾತ್ರ ಡನ್‌ಥಾರ್ನನದು ಹೆಚ್ಚು ರೂಢಿಯೆಂದು ಶಾಂತವಾಗಿ ನುಡಿದನು! ತನ್ನದಕ್ಕಿಂತ ಇನ್ನೊಬ್ಬನ ದಾರಿಯನ್ನು ಅಡುಗೆಯವನು ಮೆಚ್ಚಿದನೆಂದು ಕೇಳಿದ್ದರೆ, ಬೌಡಿಚ್ಚನಿಗೆ ಬೇಸರವಾಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಕೊನೆಯ ಯಾತ್ರೆಯನ್ನು ಅವನು ಹಡಗಿನ ಒಡೆತನದಲ್ಲಿ ಪಾಲುಗಾರನಾಗಿ, ತಾನೇ ನಾಯಕನಾಗಿ ನಡೆಸಿದನು. ಸುಮಾತ್ರದ ಮೆಣಸು ತುಂಬಿಕೊಂಡು 1803ರ ಕ್ರಿಸ್ಮಸ್ಸಿನ ಇರುಳು, ಕಣ್ಣು ಕಾಣದ ಬಿರುಗಾಳಿಯಲ್ಲಿ, ದೀಪಸ್ತಂಭದ ಕ್ಷಣಮಾತ್ರದ ಬೆಳಕನ್ನೂ ತನ್ನ ಲೆಕ್ಕವನ್ನೂ ನಂಬಿ ಬಂದರನ್ನು ಸೇರಿದನು. ಆಮೇಲೆ ವಿಮಾ ಸಂಸ್ಥೆಗಳ ಆಡಳಿತ, ಲಾಪ್ಲಾಸನ ಖಗೋಳ ಗಣಿತದ ಮಹಾಗ್ರಂಥಕ್ಕೆ ನಾಲ್ಕು ಸಂಪುಟಗಳ ಸಟೀಕ ಅನುವಾದ, 1838ರಲ್ಲಿ ಮರಣ. ಬಾಲ್ಯದ ಪುಸ್ತಕಶಾಲೆಯ ಋಣವೆಂದು ಉಯಿಲಿನಲ್ಲಿ 1000 ಡಾಲರುಗಳನ್ನು ಬರೆದಿಟ್ಟಿದ್ದನು.

ತಂದೆತಾಯಿಗಳಲ್ಲಿ ಒಂದು ಮಾತು. ಮಕ್ಕಳನ್ನು ಗಣಿತದ ಪಾಠಕ್ಕೆ ಒಂದೆಡೆಗೂ ಕನ್ನಡದ ಪಾಠಕ್ಕೆ ಮತ್ತೊಂದೆಡೆಗೂ ಕಾರಿನಲ್ಲಿ ಒಯ್ಯುವ ನಾವೇ, ಮನೆಯಲ್ಲಿ ಒಂದು ಭಾಗಾಕಾರವನ್ನಾದರೂ ಕನ್ನಡದಲ್ಲಿ ಹೇಳಿಕೊಟ್ಟಿದ್ದೇವೆಯೆ? ‘ಅಕ್ಷಾಂಶ’ ಎಂಬ ಮಾತನ್ನು ಊಟದ ಮೇಜಿನ ಬಳಿ ಆಡಿದವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು ಮಕ್ಕಳೇ, ನಿಮಗೆ ಒಂದು ಕೆಲಸ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಪುಟ್ಟವರಿಗೆ ಮುಷ್ಟಿಯೂ ಚಿಕ್ಕದು, ತೋಳೂ ಗಿಡ್ಡ, ಆದ್ದರಿಂದ ಲೆಕ್ಕ ಕೆಡುವುದಿಲ್ಲ. ದಿಗಂತದಿಂದ ಧ್ರುವ ನಕ್ಷತ್ರದವರೆಗೆ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಎಣಿಸಿದರೆ, ಇಲ್ಲಿ ನಾಲ್ಕು ಮುಷ್ಟಿಗೆ ತುಸು ಮೇಲೆ ಬರುತ್ತದೆ; ಅದೇ ನಮ್ಮ ಅಕ್ಷಾಂಶ. ಬೇಸಗೆಯ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮತ್ತೆ ಎಣಿಸಿ. ಮಳೆಮೋಡ ಬಿಟ್ಟುಕೊಟ್ಟರೆ ಒಂದು ಮುಷ್ಟಿಗೆ ಸ್ವಲ್ಪ ಹೆಚ್ಚು ಸಿಗುವುದು. ಅಷ್ಟು ತಗ್ಗಿನಲ್ಲಿ ಎದುರುಮನೆಯ ನೀರಿನ ಟ್ಯಾಂಕು ಅಡ್ಡ ಬಂದೀತು, ತಾರಸಿ ಹತ್ತಿ. ಅಜ್ಜನನ್ನೂ ಕರೆದುಕೊಂಡು ಹೋಗಿ. ಎಣಿಸಿದುದನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ, ಕನ್ನಡದಲ್ಲಿಯೇ. ಕಾಗುಣಿತ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.