ನಾಲ್ಕು ತಂತಿಯ ಕೆಲ್ವಿನ್ ಮೇಷ್ಟ್ರು

ಇಲೆಕ್ಟ್ರಿಕಲ್ ಓದೋ ನಾವೆಲ್ಲ ಲ್ಯಾಬಿನಲ್ಲಿ ಕೆಲ್ವಿನ್ ಡಬಲ್ ಬ್ರಿಡ್ಜ್ ಪ್ರಯೋಗ ಮಾಡಿದವರೇ. ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಇಳಿಸಿಕೊಂಡವರೂ ನಾವೇ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಅಂತ ನೆನಪಾಗಿದ್ದು ಚಿತ್ತವಾಡ್ಗಿಯ ಗೆಳೆಯನ ಮನೆಯಲ್ಲಿ, ಸುಟ್ಟ ವಾಸನೆ ಬಂದಾಗ.

ಮಿನಿ ಪ್ರಾಜೆಕ್ಟಿಗೆ ಸೈಕಲ್ಲಿಗೆ ಬ್ಯಾಟರಿ ಕಟ್ಟುತ್ತಿದ್ವಿ. 52 ಲಿಥಿಯಂ ಸೆಲ್ಲು, ನಿಕಲ್ ಪಟ್ಟಿ, ಬಾಡಿಗೆಗೆ ತಂದ ಸ್ಪಾಟ್ ವೆಲ್ಡಿಂಗ್ ಮಷಿನ್ನು. ಪ್ರತಿ ಬೆಸುಗೆಗೂ ಮಲ್ಟಿಮೀಟರ್ ಹಿಡಿದು ನೋಡಿದ್ವಿ. ಎಲ್ಲದಕ್ಕೂ 0.2 ಓಮ್. ಎಲ್ಲಾ ಒಂದೇ ತರ ಬಂತಲ್ಲ, ಸರಿಯಿದೆ ಅಂದ್ಕೊಂಡ್ವಿ. ಮೊದಲ ಸವಾರಿ ಮುಗಿಸಿ ಬಿಚ್ಚಿ ನೋಡಿದರೆ ಒಂದು ಕಡೆ ಪಟ್ಟಿ ಕಪ್ಪಾಗಿತ್ತು, ಇಕ್ಕಳದಿಂದ ಎಳೆದ ಕೂಡಲೇ ಕಿತ್ತು ಬಂತು.

ನಾವು ಅಳೆದಿದ್ದು ಬೆಸುಗೆಯನ್ನಲ್ಲ, ಮೀಟರಿನ ವೈರುಗಳನ್ನು! ಒಳ್ಳೆ ಬೆಸುಗೆಯ ರೋಧ 0.2 ಮಿಲಿ ಓಮ್ ಇದ್ದರೆ, ವೈರುಗಳದ್ದು ಅದರ ಸಾವಿರ ಪಟ್ಟು. ಸಂಡೂರಿನ ಅದಿರು ಲಾರಿಯನ್ನು ವೇಬ್ರಿಡ್ಜ್ ಹತ್ತಿಸಿ, ಡ್ರೈವರ್ ಕಟ್ಟಿದ ನಿಂಬೆಹಣ್ಣಿನ ತೂಕ ಕೇಳಿದ ಹಾಗಾಯ್ತು.

ಈ ತೊಡಕನ್ನು 160 ವರ್ಷದ ಹಿಂದೆಯೇ ಬಿಡಿಸಿದವರು ವಿಲಿಯಂ ಥಾಮ್ಸನ್. ಹುಟ್ಟಿದ್ದು 1824ರ ಜೂನ್ 26ರಂದು, ಬೆಲ್‌ಫಾಸ್ಟ್‌ನಲ್ಲಿ. ಆರು ವರ್ಷಕ್ಕೆ ತಾಯಿ ತೀರಿಕೊಂಡರು. ತಂದೆ ಗಣಿತದ ಮೇಷ್ಟ್ರು; ಅವರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಅಲ್ಲಿಗೆ ಹೋದರು. ಹುಡುಗ ಹತ್ತನೇ ವಯಸ್ಸಿಗೇ ಅದೇ ವಿಶ್ವವಿದ್ಯಾಲಯ ಸೇರಿದ. ಆಮೇಲೆ ಕೇಂಬ್ರಿಜ್. 1846ರಲ್ಲಿ, ಬರೀ 22ನೇ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆಗಿ ಬಂದು 53 ವರ್ಷ ಅಲ್ಲೇ ಪಾಠ ಹೇಳಿದರು. ವಿದ್ಯಾರ್ಥಿಗಳು ಕೈಯಾರೆ ಪ್ರಯೋಗ ಮಾಡಲಿ ಅಂತ ಅವರು ಲ್ಯಾಬ್ ತೆರೆದದ್ದು ಹಳೆಯ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ. ಬ್ರಿಟನ್ನಿನಲ್ಲಿ ಅಂಥ ಲ್ಯಾಬುಗಳೇ ಆಗ ಅಪರೂಪ.

ಅಳತೆ ತಪ್ಪಿದರೆ ಏನಾಗುತ್ತೆ ಅನ್ನೋದನ್ನು ಅವರಿಗೆ ತೋರಿಸಿದ್ದು ಸಮುದ್ರ. ಅಟ್ಲಾಂಟಿಕ್ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸುವ ಕಂಪನಿಗೆ ಥಾಮ್ಸನ್ ಒಬ್ಬ ನಿರ್ದೇಶಕರು. 1857ರಲ್ಲಿ ಕೇಬಲ್ಲಿನ ತಾಮ್ರದ ತುಂಡುಗಳನ್ನು ಅಳೆದು ನೋಡಿದರೆ, ಕಣ್ಣಿಗೆ ಒಂದೇ ತರ ಕಾಣುವ ತಂತಿಗಳು ವಿದ್ಯುತ್ ಹರಿಸುವುದರಲ್ಲಿ ಒಂದಕ್ಕಿಂತ ಒಂದು ಬೇರೆ. ತಾಮ್ರದೊಳಗಿನ ಕಲಬೆರಕೆಯೇ ಅದಕ್ಕೆ ಕಾರಣ. 1858ರ ಆಗಸ್ಟಿನಲ್ಲಿ ಕೇಬಲ್ ದಡ ಮುಟ್ಟಿತು. ವಿಕ್ಟೋರಿಯಾ ರಾಣಿಯ ನೂರು ಪದವೂ ಇಲ್ಲದ ಸಂದೇಶ ದಾಟಲಿಕ್ಕೆ ಸುಮಾರು 16 ಗಂಟೆ ಹಿಡಿಯಿತು. ಕ್ಷೀಣ ಸಂಕೇತ ಓದಲು ಥಾಮ್ಸನ್ ಕನ್ನಡಿಯ ಗ್ಯಾಲ್ವನೋಮೀಟರ್ ಮಾಡಿಕೊಟ್ಟಿದ್ದರು. ಆದರೆ ಕಂಪನಿಯ ಇನ್ನೊಬ್ಬ ತಜ್ಞ ವೈಟ್‌ಹೌಸ್ ಜೋರಾಗಿ ತಳ್ಳಿದರೆ ಬೇಗ ಹೋಗುತ್ತೆ ಅಂತ ಸುಮಾರು 2000 ವೋಲ್ಟ್ ಕೊಟ್ಟರು. ಮೊದಲೇ ಕುಂದಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು.

ಅಲ್ಲಿಂದ ಥಾಮ್ಸನ್ ಅಳತೆಯ ಹಿಂದೆ ಬಿದ್ದರು. 1861ರಲ್ಲಿ ಅವರ ಒತ್ತಾಯದಿಂದಲೇ ರೋಧಕ್ಕೊಂದು ಗಟ್ಟಿ ಮಾನಕ ಹುಡುಕುವ ಸಮಿತಿ ಹುಟ್ಟಿತು. ನಮ್ಮ ಓಮ್ ಬಂದದ್ದು ಆ ದಾರಿಯಲ್ಲಿ. ತೀರಾ ಸಣ್ಣ ರೋಧ ಅಳೆಯುವ ಡಬಲ್ ಬ್ರಿಡ್ಜ್ ಕೂಡ ಅದೇ ಸುಮಾರಿನದು. 1866ರಲ್ಲಿ ಕೇಬಲ್ ಗೆದ್ದಿತು, ಥಾಮ್ಸನ್ ಸರ್ ಆದರು. ಅದನ್ನು ಹಾಸಿದ ಗ್ರೇಟ್ ಈಸ್ಟರ್ನ್ ಹಡಗೇ 1870ರಲ್ಲಿ ಮುಂಬೈಯಿಂದ ಏಡನ್ನಿಗೂ ಕೇಬಲ್ ಎಳೆಯಿತು. 1892ರಲ್ಲಿ ಲಾರ್ಡ್ ಪದವಿ ಬಂದಾಗ ಅವರು ಆರಿಸಿಕೊಂಡ ಹೆಸರು ವಿಶ್ವವಿದ್ಯಾಲಯದ ಪಕ್ಕ ಹರಿಯುವ ನದಿಯದು: ಕೆಲ್ವಿನ್.

ಅವರ ಯುಕ್ತಿ ಕೇಳಿದರೆ ಇಷ್ಟೇನಾ ಅನ್ಸುತ್ತೆ. ಕರೆಂಟ್ ಹರಿಸಲು ಒಂದು ಜೊತೆ ತಂತಿ, ವೋಲ್ಟೇಜ್ ನೋಡಲು ಇನ್ನೊಂದು ಜೊತೆ. ಎರಡನೇ ಜೊತೆಯಲ್ಲಿ ಕರೆಂಟ್ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ, ಹಾಗಾಗಿ ಅದರ ರೋಧ ಲೆಕ್ಕಕ್ಕೆ ಬರಲ್ಲ. ಬ್ಯಾಟರಿ ಕಾರ್ಖಾನೆಗಳಲ್ಲಿ ಬೆಸುಗೆ ಪರೀಕ್ಷಿಸುವ ಮೈಕ್ರೋ ಓಮ್ ಮೀಟರಿನ ನಾಲ್ಕು ವೈರುಗಳ ಕೆಲಸವೂ ಇದೇ.

ನಾವೂ ಹಾಗೇ ಮಾಡಿದ್ವಿ. ಪಟ್ಟಿಗೂ ಸೆಲ್ಲಿನ ಅದೇ ತುದಿಯ ಲೋಹಕ್ಕೂ ನಡುವೆ, ಬೆಸುಗೆಯ ಮೂಲಕ 10 ಆಂಪಿಯರ್ ಹರಿಸಿ, ಒಳಗಡೆ ಬೆಸುಗೆಯ ಹತ್ತಿರ ಮೀಟರ್ ಇಟ್ವಿ. ಸೆಲ್ಲಿನ ಎರಡು ತುದಿಗಳಿಗೆ ಮಾತ್ರ ಯಾರೂ ಹೀಗೆ ಮಾಡಬೇಡಿ. 0.2 ಮಿಲಿ ಓಮ್ ಇದ್ದರೆ 2 ಮಿಲಿವೋಲ್ಟ್ ಕಾಣಬೇಕು. ಎರಡು ಬೇರೆ ಲೋಹ ಕೂಡಿದ ಕಡೆ ಬಿಸಿ ವ್ಯತ್ಯಾಸವಾದರೆ ತಾನಾಗಿಯೇ ಸಣ್ಣ ವೋಲ್ಟೇಜ್ ಹುಟ್ಟುತ್ತೆ. ಥಾಮ್ಸನ್ 1850ರ ದಶಕದಲ್ಲಿ ತಲೆಕೆಡಿಸಿಕೊಂಡ ವಿಷಯವೇ ಅದು. ಅದಕ್ಕೇ ಕರೆಂಟನ್ನು ಒಮ್ಮೆ ಹಿಂದುಮುಂದು ಮಾಡಿ, ಎರಡೂ ಅಳತೆಗಳ ಸರಾಸರಿ ತೆಗೆದ್ವಿ. ಆಗ ಸಿಕ್ಕಿಬಿದ್ದವು ಇನ್ನೆರಡು ಕೆಟ್ಟ ಬೆಸುಗೆ. 5 ಮಿಲಿ ಓಮ್ ಬೆಸುಗೆಯಲ್ಲಿ 20 ಆಂಪಿಯರ್ ಹರಿದರೆ 2 ವ್ಯಾಟ್ ಬಿಸಿ, ಅದೂ ಸಾಸಿವೆಯಷ್ಟು ಜಾಗದಲ್ಲಿ. ಪಕ್ಕದಲ್ಲೇ ಲಿಥಿಯಂ ಸೆಲ್ಲು, ಮೇಲೆ ಕೂತವನು ನಮ್ಮ ಗೆಳೆಯ.

ಕೆಲ್ವಿನ್ ಎಲ್ಲದರಲ್ಲೂ ಸರಿ ಇದ್ದರು ಅಂತಲ್ಲ. ಭೂಮಿ ತಣ್ಣಗಾದ ಲೆಕ್ಕ ಹಾಕಿ ಅದರ ವಯಸ್ಸು ಕೆಲವೇ ಕೋಟಿ ವರ್ಷ ಅಂದರು. ಅದು ಸುಮಾರು 450 ಕೋಟಿ. ಗಣಿತ ತಪ್ಪಿರಲಿಲ್ಲ, ಭೂಗರ್ಭದ ಬಗ್ಗೆ ಮೊದಲೇ ಅಂದುಕೊಂಡದ್ದು ತಪ್ಪಾಗಿತ್ತು. ವೈರನ್ನು ಮರೆತ ನಮಗೆ ನಗುವ ಹಕ್ಕಿಲ್ಲ.

1899ರಲ್ಲಿ, 75ನೇ ವಯಸ್ಸಿಗೆ ನಿವೃತ್ತರಾದ ಕೂಡಲೇ ಅವರು ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಮತ್ತೆ ಹೆಸರು ಹಚ್ಚಿದರು. 1907ರ ಡಿಸೆಂಬರ್ 17ರಂದು ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಸಮಾಧಿಯ ಹತ್ತಿರ ಮಣ್ಣು ಮಾಡಿದರು.

ನಮ್ಮ ಲ್ಯಾಬಿನ ಡಬಲ್ ಬ್ರಿಡ್ಜ್ ಮೇಲೆ ಈಗಲೂ ಧೂಳಿದೆ. ಜೂನಿಯರ್‌ಗಳೇ, ಈ ಸಲ ಅದನ್ನು ಒರೆಸಿ, ರೀಡಿಂಗ್ ನೀವೇ ತಗೊಳ್ಳಿ. ನಮ್ಮ ರೆಕಾರ್ಡ್ ಕೇಳಬೇಡಿ, ಕೊಡಲ್ಲ.