ಅಬ್ರಹಾಂ ಡಾರ್ಬಿ ಮತ್ತು ಮರಳಿನ ಪೆಟ್ಟಿಗೆ

ಹಿಸ್ಟರಿ ಪುಸ್ತಕಗಳಲ್ಲಿ ಅಬ್ರಹಾಂ ಡಾರ್ಬಿಗೆ ಸಿಗುವುದು ಹೆಚ್ಚೆಂದರೆ ಎರಡು ಸಾಲು. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ತೆಗೆದ, ಅದರಿಂದ ಕೈಗಾರಿಕಾ ಕ್ರಾಂತಿಗೆ ದಾರಿಯಾಯಿತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದಕ್ಕೂ ಎರಡು ವರ್ಷ ಮೊದಲು, 1707ರಲ್ಲಿ, ಅವನು ಒಂದು ಪೇಟೆಂಟ್ ಪಡೆದಿದ್ದ. ಅದು ಕೋಕ್‌ಗೆ ಸಂಬಂಧಿಸಿದ್ದಲ್ಲ, ಅಡುಗೆ ಪಾತ್ರೆಗೆ ಸಂಬಂಧಿಸಿದ್ದು. ಹೊಟ್ಟೆ ಉಬ್ಬಿದ ಕಬ್ಬಿಣದ ಪಾತ್ರೆಯನ್ನು ಜೇಡಿಮಣ್ಣಿನ ಸಹಾಯವಿಲ್ಲದೆ ಬರೀ ಮರಳಿನಲ್ಲಿ ಎರಕ ಹೊಯ್ಯುವ ವಿಧಾನಕ್ಕೆ ಸಿಕ್ಕ ಹಕ್ಕು ಅದು. ನನಗೆ ಡಾರ್ಬಿಯ ಬಗ್ಗೆ ಆಸಕ್ತಿ ಹುಟ್ಟಿದ್ದು ಈ ಪಾತ್ರೆಯಿಂದ. ಕೋಕ್‌ಗಿಂತ ಪಾತ್ರೆಯೇ ಮುಖ್ಯ ಎಂದು ಈಗ ನನಗೆ ಅನ್ನಿಸುತ್ತದೆ. ಯಾಕೆ ಎಂದು ಹೇಳುತ್ತೇನೆ.

ಡಾರ್ಬಿ ಹುಟ್ಟಿದ್ದು 1670ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಡಡ್ಲಿ ಊರಿನ ಹತ್ತಿರ. ತಂದೆ ಜಾನ್ ಡಾರ್ಬಿ ಸಣ್ಣ ರೈತ, ಜೊತೆಗೆ ಬೀಗ ಮಾಡುವ ಕೆಲಸ. ಮನೆಯವರು ಕ್ವೇಕರ್ ಪಂಥದವರು. ಈ ಪಂಥದವರು ಕ್ರೈಸ್ತರೇ ಆದರೂ ಇಂಗ್ಲೆಂಡಿನ ಸರ್ಕಾರಿ ಚರ್ಚನ್ನು ಒಪ್ಪುತ್ತಿರಲಿಲ್ಲ, ಆಣೆ ಹಾಕುತ್ತಿರಲಿಲ್ಲ, ಯುದ್ಧಕ್ಕೆ ಹೋಗುತ್ತಿರಲಿಲ್ಲ. ಸರಳ ಬಟ್ಟೆ, ಸರಳ ಮಾತು. ಆಣೆ ಹಾಕದವರಿಗೆ ಆ ಕಾಲದಲ್ಲಿ ಸರ್ಕಾರಿ ಹುದ್ದೆ ಇಲ್ಲ, ಆಕ್ಸ್‌ಫರ್ಡ್‌, ಕೇಂಬ್ರಿಡ್ಜ್‌ನಂಥ ಕಡೆ ಓದು ಇಲ್ಲ. ಉಳಿದ ದಾರಿ ವ್ಯಾಪಾರ ಮತ್ತು ಕಸುಬು. ಹಾಗಾಗಿ ಅವರಲ್ಲಿ ಬಹಳ ಜನ ಅಂಗಡಿ, ಬ್ಯಾಂಕ್, ಕಾರ್ಖಾನೆಗಳಿಗೆ ಇಳಿದರು. ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರು, ಪಾಲುದಾರಿಕೆ ಮಾಡಿಕೊಂಡರು, ಮದುವೆ ಸಂಬಂಧ ಬೆಳೆಸಿದರು. ಮಾತಿಗೆ ತಪ್ಪದವರು ಎಂಬ ಹೆಸರೇ ಅವರ ದೊಡ್ಡ ಬಂಡವಾಳ. ಅಕೌಂಟೆನ್ಸಿಯಲ್ಲಿ ಅದನ್ನು ಗುಡ್‌ವಿಲ್ ಎನ್ನುತ್ತಾರೆ.

ನಮ್ಮ ದಾದಿಗೆ ಈ ಕಥೆ ಹೇಳಿದಾಗ ಅವರು ಕೊನೆಯವರೆಗೂ ಅವನನ್ನು ಇಬ್ರಾಹಿಂ ಎಂದೇ ಕರೆದರು. ಹೆಸರು ಅದೇ ತಾನೇ.

ಹುಡುಗ ಅಬ್ರಹಾಂನನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಕಲಿಯಲು ಬಿಟ್ಟರು. ಯಜಮಾನ ಮಾಲ್ಟ್ ಅರೆಯುವ ಗಿರಣಿಗಳನ್ನು ತಯಾರಿಸುವವನು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಿಯರ್ ಮಾಡಲು ಬೇಕಾಗುವ ವಸ್ತು. ನಮಗೆ ಅದು ಬೇಡದ ವಿಷಯ, ಆದರೂ ಇಲ್ಲಿ ಬಿಡುವ ಹಾಗಿಲ್ಲ. ಏಕೆಂದರೆ ಹಸಿ ಕಲ್ಲಿದ್ದಲಿನ ಹೊಗೆಯಲ್ಲಿ ಮಾಲ್ಟ್ ಒಣಗಿಸಿದರೆ ವಾಸನೆ ಹಿಡಿಯುತ್ತದೆಂದು ಆ ಕಸುಬಿನವರು ಕಲ್ಲಿದ್ದಲನ್ನು ಮೊದಲೇ ಸುಟ್ಟು ಕೋಕ್ ಮಾಡಿ ಬಳಸುವುದನ್ನು ಆಗಲೇ ಕಲಿತಿದ್ದರು. ಡಾರ್ಬಿಗೆ ಕೋಕ್‌ನ ಪರಿಚಯ ಆಗಿದ್ದು ಬಹುಶಃ ಹೀಗೆ.

1699ರಲ್ಲಿ ಮೇರಿ ಎಂಬಾಕೆಯನ್ನು ಮದುವೆಯಾಗಿ ಬ್ರಿಸ್ಟಲ್ ಬಂದರಿಗೆ ಹೋದ. 1702ರಲ್ಲಿ ಕೆಲವು ಕ್ವೇಕರ್ ಪಾಲುದಾರರ ಜೊತೆ ಸೇರಿ ಹಿತ್ತಾಳೆ ಕಾರ್ಖಾನೆ ಶುರು ಮಾಡಿದ. ಹಾಲೆಂಡಿನವರು ಹಿತ್ತಾಳೆ ಕೆಲಸದಲ್ಲಿ ನಿಪುಣರು ಎಂದು ಕೇಳಿ ಅಲ್ಲಿಗೇ ಹೋಗಿ ಕೆಲಸಗಾರರನ್ನು ಕರೆತಂದ. ಹಿತ್ತಾಳೆ ಪಾತ್ರೆ ಚೆನ್ನಾಗಿತ್ತು, ಆದರೆ ದುಬಾರಿ. ಬಡವರ ಮನೆಗೆ ಬೇಕಾದದ್ದು ಕಬ್ಬಿಣದ ಪಾತ್ರೆ. ಕಬ್ಬಿಣ ಅಗ್ಗ, ಆದರೆ ಅದನ್ನು ಪಾತ್ರೆ ಮಾಡುವ ಕೆಲಸ ಅಗ್ಗವಲ್ಲ. ತೊಡಕು ಇದ್ದದ್ದು ಅಲ್ಲಿ.

ಆಗಿನ ರೀತಿ ಹೀಗಿತ್ತು. ಪಾತ್ರೆಯ ಒಳಭಾಗದ ಆಕಾರಕ್ಕೆ ಜೇಡಿಮಣ್ಣಿನ ಗಡ್ಡೆ ಮಾಡಿ ಒಣಗಿಸಬೇಕು. ಅದರ ಮೇಲೆ ಪಾತ್ರೆಯ ದಪ್ಪದಷ್ಟು ಇನ್ನೊಂದು ಪದರ. ಅದರ ಮೇಲೆ ಹೊರ ಅಚ್ಚು. ಆಮೇಲೆ ಹೊರ ಅಚ್ಚು ತೆಗೆದು, ನಡುವಿನ ಪದರ ಕೆರೆದು ಹಾಕಿ, ಮತ್ತೆ ಕೂಡಿಸಿ, ಆ ಖಾಲಿ ಜಾಗಕ್ಕೆ ಲೋಹ ಸುರಿಯಬೇಕು. ಒಂದು ಪಾತ್ರೆಗೆ ಎಷ್ಟೋ ದಿನ. ಎರಕ ಆದ ಮೇಲೆ ಅಚ್ಚನ್ನು ಒಡೆದೇ ಪಾತ್ರೆ ತೆಗೆಯಬೇಕು, ಅಂದರೆ ಮುಂದಿನ ಪಾತ್ರೆಗೆ ಮತ್ತೆ ಮೊದಲಿನಿಂದ.

ಮರಳಾದರೆ ಬೇಗ. ಮರದ ಅಥವಾ ಲೋಹದ ಮಾದರಿ ಪಾತ್ರೆಯನ್ನು ತೇವದ ಮರಳಿನಲ್ಲಿ ಹೂತು, ಗಟ್ಟಿಯಾಗಿ ದಮ್ಮಸ್ಸು ಮಾಡಿ, ಮಾದರಿಯನ್ನು ಎಳೆದು ತೆಗೆದರೆ ಅದರ ಗುರುತು ಉಳಿಯುತ್ತದೆ. ತಟ್ಟೆಯಂಥ ವಸ್ತುವಿಗೆ ಇದು ಸುಲಭ. ಆದರೆ ದೇಗ್ಚಿಯನ್ನು ನೆನಪಿಸಿಕೊಳ್ಳಿ. ಬಾಯಿ ಕಿರಿದು, ಹೊಟ್ಟೆ ಅಗಲ. ಮರಳಿನಲ್ಲಿ ಹೂತ ದೇಗ್ಚಿಯನ್ನು ಮೇಲಕ್ಕೆ ಎಳೆದರೆ ಹೊಟ್ಟೆಯ ಜೊತೆ ಮರಳೂ ಕಿತ್ತು ಬರುತ್ತದೆ. ಇದಕ್ಕೆ ಉಪಾಯ ಒಂದೇ: ಮಾದರಿಯನ್ನೂ ಮರಳನ್ನೂ ಭಾಗಗಳಾಗಿ ಬೇರೆ ಮಾಡಿ ತೆಗೆಯುವಂತಿರಬೇಕು, ಮತ್ತೆ ಕೂಡಿಸಿದಾಗ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಆದರೆ ಮರಳಿಗೆ ತನ್ನದೇ ಆಕಾರ ಇಲ್ಲ. ಅದನ್ನು ಎತ್ತಲು, ತಿರುಗಿಸಲು, ಮತ್ತೆ ಅದೇ ಜಾಗಕ್ಕೆ ಇಡಲು ಒಂದು ಚೌಕಟ್ಟು ಬೇಕು. ಮುಚ್ಚಳವೂ ಇಲ್ಲದ, ತಳವೂ ಇಲ್ಲದ ಪೆಟ್ಟಿಗೆ. ಈಗ ಫೌಂಡ್ರಿಯಲ್ಲಿ ಮೋಲ್ಡಿಂಗ್ ಬಾಕ್ಸ್ ಎನ್ನುವುದು ಇದನ್ನೇ.

ಡಾರ್ಬಿ ಕರೆತಂದ ಡಚ್ ಕೆಲಸಗಾರರು ಕಬ್ಬಿಣವನ್ನು ಮರಳಿನಲ್ಲಿ ಎರೆಯಲು ನೋಡಿ ಸೋತರು. ಅಲ್ಲಿ ಜಾನ್ ಥಾಮಸ್ ಎಂಬ ಹುಡುಗನಿದ್ದ. ವೇಲ್ಸ್ ಕಡೆಯವನು, ಮೊದಲು ಕುರಿ ಕಾಯುತ್ತಿದ್ದವನು. ಅವರು ಎಲ್ಲಿ ತಪ್ಪುತ್ತಿದ್ದಾರೆ ಎಂದು ತನಗೆ ತಿಳಿಯಿತು, ತಾನೊಮ್ಮೆ ಪ್ರಯತ್ನಿಸಲೇ ಎಂದು ಯಜಮಾನನನ್ನು ಕೇಳಿದನಂತೆ. ಆ ರಾತ್ರಿ ಇಬ್ಬರೇ ಕಾರ್ಖಾನೆಯಲ್ಲಿ ಉಳಿದು ಕಬ್ಬಿಣದ ಪಾತ್ರೆ ಎರೆದರು ಎಂದು ಥಾಮಸ್ ಮನೆತನದಲ್ಲಿ ಉಳಿದು ಬಂದ ಕಥೆ ಹೇಳುತ್ತದೆ. ನುಣುಪಾದ ಮರಳು, ಎರಡು ಮರದ ಚೌಕಟ್ಟು, ಗಾಳಿ ಹೋಗಲು ತೂತುಗಳು. ಆಮೇಲೆ ಆ ಕೆಲಸ ಮಾಡುವಾಗ ಬಾಗಿಲು ಹಾಕಿ, ಬೀಗದ ಕಿಂಡಿಯನ್ನೂ ಮುಚ್ಚುತ್ತಿದ್ದರಂತೆ. ಗುಟ್ಟು ಬಿಡುವುದಿಲ್ಲ, ಬೇರೆಯವರ ಬಳಿ ಕೆಲಸಕ್ಕೆ ಹೋಗುವುದಿಲ್ಲ ಎಂದು ಹುಡುಗನಿಂದ ಕರಾರು ಬರೆಸಿಕೊಂಡರು. ಪೇಟೆಂಟ್ ಮಾತ್ರ ಡಾರ್ಬಿಯ ಒಬ್ಬನ ಹೆಸರಿನಲ್ಲಿ ಬಂತು.

ಒಂದು ಚೌಕಟ್ಟಿಗೆ ಇಷ್ಟು ಗುಟ್ಟು ಏಕೆ ಎಂದು ಅರ್ಥವಾಗಬೇಕಾದರೆ ಬಾಕ್ಸ್ ಮಾಡುವುದನ್ನು ನೋಡಬೇಕು. ನನ್ನ ಮಾಮು ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ಫೌಂಡ್ರಿಗಳಿಗೆ ಮೋಲ್ಡಿಂಗ್ ಬಾಕ್ಸ್ ವೆಲ್ಡಿಂಗ್ ಮಾಡುತ್ತಾರೆ. ಈಗ ಮರದ ಚೌಕಟ್ಟು ದೊಡ್ಡ ಕೆಲಸಕ್ಕೆ ನಡೆಯುವುದಿಲ್ಲ. ಮರ ತೇವ ಕುಡಿದು ಉಬ್ಬುತ್ತದೆ, ಬಿಸಿಗೆ ಸುಡುತ್ತದೆ, ಬಾಗುತ್ತದೆ. ಆದ್ದರಿಂದ ಉಕ್ಕಿನ ತಟ್ಟೆ, ಚಾನೆಲ್ ಕತ್ತರಿಸಿ ಬೆಸೆಯುತ್ತಾರೆ. ಬೆಸೆದ ಬಿಸಿಗೇ ಉಕ್ಕು ಸ್ವಲ್ಪ ಸೊಟ್ಟಗಾಗುತ್ತದೆ. ಅದಕ್ಕೆ ಇಡೀ ಬಾಕ್ಸನ್ನು ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ಆರಿಸಿ ಒಳಗಿನ ಬಿಗಿತ ತೆಗೆದು, ನಂತರ ಕೂಡುವ ಮುಖವನ್ನು ಮೆಷಿನ್‌ನಲ್ಲಿ ಸಮತಟ್ಟು ಮಾಡುತ್ತಾರೆ. ಮೇಲಿನ ಬಾಕ್ಸಿನಲ್ಲಿ ಮರಳು ಕೆಳಗೆ ಉದುರದಂತೆ ಅಡ್ಡ ಪಟ್ಟಿಗಳು ಇರುತ್ತವೆ, ಅವು ಮಾದರಿಗೆ ತಾಗಬಾರದು. ಬದಿಯಲ್ಲಿ ಗಾಳಿ ಹೋಗಲು ತೂತುಗಳು. ಮರಳಿನ ತೇವ ಒಮ್ಮೆಲೇ ಆವಿಯಾದಾಗ ಅದಕ್ಕೆ ದಾರಿ ಬೇಕಲ್ಲ.

ನನಗೆ ಬಹಳ ಹಿಡಿಸಿದ್ದು ಪಿನ್ನಿನ ಲೆಕ್ಕ. ಎರಡು ಬಾಕ್ಸನ್ನು ಸರಿಯಾಗಿ ಕೂಡಿಸಲು ಎರಡು ಕಡೆ ಪಿನ್ ಇರುತ್ತದೆ. ಎರಡಕ್ಕೂ ದುಂಡು ತೂತನ್ನೇ ಕೊಟ್ಟರೆ ಬಿಸಿಗೆ ಬಾಕ್ಸ್ ಹಿಗ್ಗಿದಾಗ ಪಿನ್ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಒಂದು ಕಡೆ ದುಂಡು ತೂತು, ಇನ್ನೊಂದು ಕಡೆ ಉದ್ದ ತೂತು. ಒಂದು ಜಾಗ ಹಿಡಿಯುತ್ತದೆ, ಇನ್ನೊಂದು ದಿಕ್ಕು ಹಿಡಿಯುತ್ತದೆ. ಪಿನ್ ಸವೆದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಒಂದರ ಮೇಲೊಂದು ಕೂರದೆ ಎರಕ ರಿಜೆಕ್ಟ್ ಆಗುತ್ತದೆ.

ಇನ್ನೊಂದು ಲೆಕ್ಕ ನಾನೇ ಮಾಡಿ ನೋಡಿದೆ. ಕರಗಿದ ಕಬ್ಬಿಣ ನೀರಿಗಿಂತ ಸುಮಾರು 7 ಪಟ್ಟು ಭಾರ. 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಚಪ್ಪಟೆ ಎರಕ ಇದೆ ಎನ್ನಿ. ಸುರಿಯುವ ಕೊಳವೆಯಲ್ಲಿ ಲೋಹ ಅದರ ಮೇಲ್ಮೈಗಿಂತ 15 ಸೆಂಟಿಮೀಟರ್ ಮೇಲೆ ನಿಂತಿದ್ದರೆ, ಮೇಲಿನ ಮರಳನ್ನು ಅದು ಸುಮಾರು 94 ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತದೆ. ದ್ರವವೇ ಪೆಟ್ಟಿಗೆಯನ್ನು ಎತ್ತಿಬಿಡುತ್ತದೆ! ಆದ್ದರಿಂದ ಸುರಿಯುವ ಮೊದಲು ಕ್ಲ್ಯಾಂಪ್ ಹಾಕುತ್ತಾರೆ ಅಥವಾ ಮೇಲೆ ತೂಕ ಇಡುತ್ತಾರೆ. ಪೆಟ್ಟಿಗೆ ಸಡಿಲವಾಗಿದ್ದರೆ 1300 ಡಿಗ್ರಿಗೂ ಮೇಲೆ ಕಾದ ಕಬ್ಬಿಣ ಸಂದಿನಿಂದ ಕಾಲಿನ ಮೇಲೆ ಹರಿಯುತ್ತದೆ. ಬಾಕ್ಸ್ ಗಟ್ಟಿ ಇರಬೇಕು ಎನ್ನುವುದು ಪಾತ್ರೆಯ ಅಂದಕ್ಕೆ ಮಾತ್ರವಲ್ಲ, ಅದರ ಪಕ್ಕ ನಿಂತವನ ಜೀವಕ್ಕೂ ಬೇಕಾದದ್ದು.

ಪೇಟೆಂಟ್ ಬಂದರೂ ಬ್ರಿಸ್ಟಲ್‌ನ ಪಾಲುದಾರರಿಗೆ ಕಬ್ಬಿಣದ ಮೇಲೆ ನಂಬಿಕೆ ಇರಲಿಲ್ಲ. ಡಾರ್ಬಿ ತನ್ನ ಹಣ ತೆಗೆದುಕೊಂಡು ಹೊರಬಂದ. 1708ರಲ್ಲಿ ಸೆವರ್ನ್ ನದಿಯ ಹತ್ತಿರ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಹಾಳುಬಿದ್ದ ಒಂದು ಹಳೆಯ ಊದುಕುಲುಮೆಯನ್ನು ಗುತ್ತಿಗೆಗೆ ಪಡೆದು ರಿಪೇರಿ ಮಾಡಿಸಿದ. 1709ರ ಜನವರಿಯಲ್ಲಿ ಬೆಂಕಿ ಹಾಕಿದ. ಇದ್ದಿಲಿಗೆ ಕಾಡು ಬೇಕು, ಬೆಲೆ ಹೆಚ್ಚು. ಕಲ್ಲಿದ್ದಲು ಅಲ್ಲೇ ನೆಲದಡಿ ಸಿಗುತ್ತಿತ್ತು, ಅದರಲ್ಲಿ ಗಂಧಕವೂ ಕಡಿಮೆ. ಅದನ್ನು ಕೋಕ್ ಮಾಡಿ ಕುಲುಮೆಗೆ ಹಾಕಿದ.

ಈಗ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಕೋಕ್‌ನಿಂದ ತೆಗೆದ ಕಬ್ಬಿಣವನ್ನು ಬೇರೆಯವರು ಕೊಳ್ಳುತ್ತಿರಲಿಲ್ಲ. ಬಡಿದು ಮೊಳೆ, ಲಾಳ, ಸಲಿಕೆ ಮಾಡುವ ಕಮ್ಮಾರರಿಗೆ ಅದು ಒಗ್ಗುತ್ತಿರಲಿಲ್ಲ. ಆದರೆ ಅದರಲ್ಲಿ ಸಿಲಿಕಾನ್ ಹೆಚ್ಚು, ಹಾಗಾಗಿ ಕರಗಿದಾಗ ನೀರಾಗಿ ಹರಿದು ತೆಳುವಾದ ಜಾಗಕ್ಕೂ ತುಂಬುತ್ತಿತ್ತು. ತೆಳು ಪಾತ್ರೆ ಎರೆಯಲು ಅದು ಹೇಳಿ ಮಾಡಿಸಿದ ಹಾಗೆ. ತೆಳು ಪಾತ್ರೆ ಎರೆಯುವ ವಿದ್ಯೆ, ಅದರ ಪೇಟೆಂಟ್ ಎರಡೂ ಡಾರ್ಬಿಯ ಬಳಿ ಇತ್ತು. ಕಡಿಮೆ ಕಬ್ಬಿಣದಲ್ಲಿ ಹಗುರ ಪಾತ್ರೆ, ಕಡಿಮೆ ಬೆಲೆ, ದೋಣಿಯಲ್ಲಿ ಸೆವರ್ನ್ ನದಿ ದಾಟಿ ಊರೂರಿಗೆ. ಮರಳಿನ ಪೆಟ್ಟಿಗೆ ಇರದಿದ್ದರೆ ಕೋಕ್ ಕಬ್ಬಿಣಕ್ಕೆ ಆಗ ಗಿರಾಕಿಯೇ ಇರುತ್ತಿರಲಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಬಿಸಿನೆಸ್ ಸ್ಟಡೀಸ್‌ನಲ್ಲಿ ಮಾರ್ಕೆಟಿಂಗ್ ಪಾಠ ಓದುವವರು ಇದನ್ನು ಗಮನಿಸಬಹುದು.

ಕಾಡಿನ ಮಾತು ಬಂದಾಗ ನಮ್ಮ ಭದ್ರಾವತಿ ನೆನಪಾಗುತ್ತದೆ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ, ಡಾರ್ಬಿಯ ನಂತರ 200 ವರ್ಷ ಕಳೆದಿದ್ದರೂ, ಬಳಸಿದ್ದು ಮಲೆನಾಡಿನ ಮರದ ಇದ್ದಿಲನ್ನೇ. ಹತ್ತಿರದಲ್ಲಿ ಎಲ್ಲೂ ಕಲ್ಲಿದ್ದಲು ಇರಲಿಲ್ಲ. ವಿದ್ಯುತ್ ಕುಲುಮೆಗಳು ಬಂದದ್ದು ಆಮೇಲೆ.

ಡಾರ್ಬಿ ಹೆಚ್ಚು ದಿನ ಬದುಕಲಿಲ್ಲ. 1715ರಲ್ಲಿ ಎರಡನೆಯ ಕುಲುಮೆ ಕಟ್ಟಿದ, ಕಾರ್ಖಾನೆಯ ಪಕ್ಕದಲ್ಲೇ ಮನೆ ಕಟ್ಟಿಸಲು ಶುರು ಮಾಡಿದ, ಆ ಮನೆಗೆ ಹೋಗುವ ಮೊದಲೇ 1717ರಲ್ಲಿ ತೀರಿಕೊಂಡ. ನಲವತ್ತರ ಆಸುಪಾಸು. ವಿಲ್ ಬರೆದಿರಲಿಲ್ಲ. ಪೇಟೆಂಟ್ ಆಗ 14 ವರ್ಷಕ್ಕೆ. ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ನಾವು ದ್ವಿತೀಯ ಪಿಯುಸಿಯಲ್ಲಿ ಪಾಲುದಾರನ ಮರಣ ಎಂಬ ಅಧ್ಯಾಯದಲ್ಲಿ ಲೆಕ್ಕ ಮಾಡುತ್ತೇವಲ್ಲ, ಮೃತನ ಬಂಡವಾಳ ಖಾತೆ, ಗುಡ್‌ವಿಲ್‌ನಲ್ಲಿ ಪಾಲು, ವಾರಸುದಾರರಿಗೆ ಕೊಡಬೇಕಾದ ಬಾಕಿ? ಪುಸ್ತಕದಲ್ಲಿ ಅದು ಎರಡು ಪುಟದಲ್ಲಿ ಮುಗಿದು ಎರಡೂ ಕಡೆ ಟ್ಯಾಲಿ ಆಗುತ್ತದೆ. ಡಾರ್ಬಿಯ ಮನೆಯಲ್ಲಿ ಆಗಲಿಲ್ಲ. ಸಾಲಗಾರರು ಬಂದರು, ಕಾರ್ಖಾನೆ ಮಾರುವ ಮಾತು ಬಂತು. ವಿಧವೆ ಮೇರಿಯೂ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಹಿರಿಯ ಮಗ, ಅವನೂ ಅಬ್ರಹಾಂ, ಆಗ ಆರು ವರ್ಷದವನು. ತಬ್ಬಲಿ ಮಕ್ಕಳ ಪರವಾಗಿ ಕೆಲವು ಪಾಲುಗಳನ್ನು ಮರಳಿ ಕೊಂಡು ಉಳಿಸಿದ್ದು ಅವರ ಮಾಮು, ಮೇರಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜೋಶುವಾ. ಅಳಿಯ ರಿಚರ್ಡ್ ಫೋರ್ಡ್ ಕಾರ್ಖಾನೆ ನೋಡಿಕೊಂಡ. ಮುಂದೆ ಅಲ್ಲಿ ಉಗಿ ಯಂತ್ರಗಳಿಗೆ ಎರಕದ ಸಿಲಿಂಡರ್ ತಯಾರಾದವು. ಮೊಮ್ಮಗ ಮೂರನೆಯ ಅಬ್ರಹಾಂ ಡಾರ್ಬಿ 1779ರಲ್ಲಿ ಸೆವರ್ನ್ ಮೇಲೆ ಸುಮಾರು 30 ಮೀಟರ್ ಅಗಲಕ್ಕೆ ಎರಕದ ಕಬ್ಬಿಣದ ಸೇತುವೆ ನಿಲ್ಲಿಸಿದ. ಅದು ಇವತ್ತೂ ಇದೆ. ಹಳೆಯ ಕುಲುಮೆಯೂ ಮ್ಯೂಸಿಯಂ ಆಗಿ ಉಳಿದಿದೆ.

ಜಾನ್ ಥಾಮಸ್ ಏನಾದ? ಡಾರ್ಬಿ ಸತ್ತು ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದ ಹೊತ್ತಿನಲ್ಲಿ, ದುಪ್ಪಟ್ಟು ಸಂಬಳ ಕೊಡುತ್ತೇವೆ, ಆ ಕೆಲಸ ನಮಗೆ ಹೇಳಿಕೊಡು ಎಂದು ಬೇರೆಯವರು ಅವನನ್ನು ಕರೆದರಂತೆ. ಅವನು ಹೋಗಲಿಲ್ಲ. ಅದು ಅವನ ದೊಡ್ಡತನ ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಆ ರಾತ್ರಿ ದಾರಿ ಕಂಡವನು ಅವನು, ಪೇಟೆಂಟ್‌ನಲ್ಲಿ ಅವನಿಗೆ ಒಂದು ಪಾಲಾದರೂ ಇರಬೇಕಿತ್ತು ಎಂದು ಹೇಳದೆ ಇರಲಾರೆ. ಡಾರ್ಬಿ ಒಳ್ಳೆಯವನೇ, ಬಂಡವಾಳ ಅವನದು, ನಷ್ಟವಾದರೆ ಅದೂ ಅವನದು, ಡಚ್ಚರು ಸೋತ ಮೇಲೂ ಒಬ್ಬ ಹುಡುಗನ ಮಾತು ಕೇಳಿದವನು ಅವನೇ. ಆದರೂ ಹುಡುಗನಿಗೆ ಸಿಕ್ಕಿದ್ದು ಸಂಬಳ ಮತ್ತು ಬಾಯಿ ಬಿಡದಿರುವ ಕರಾರು. ಥಾಮಸ್‌ನ ಮಕ್ಕಳು, ಮೊಮ್ಮಕ್ಕಳು ಅದೇ ಕಾರ್ಖಾನೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಡಾರ್ಬಿ ಮನೆತನಕ್ಕೆ ಕೆಲಸ ಮಾಡಿದರು.